ಪ್ಲಾಟ್ ತೋರಿಸುವವರಿಗೂ ಲೈಸೆನ್ಸ್ ಬೇಕು, ತಪ್ಪಿದರೆ ದಂಡ ಉಂಟು

ಸಿಂಧನೂರಿನ ಗಂಜಿಗೆ ಭತ್ತ ತರುವ ರೈತ ಕಂಡ ಕಂಡಲ್ಲಿ ಚೀಲ ಇಳಿಸುವುದಿಲ್ಲ. ದಲಾಲಿ ಅಂಗಡಿಯವನಿಗೆ ಎಪಿಎಂಸಿ ಲೈಸೆನ್ಸ್ ಇರುತ್ತದೆ, ತೂಕದಲ್ಲೋ ಲೆಕ್ಕದಲ್ಲೋ ಮೋಸ ಮಾಡಿದರೆ ಮಾರುಕಟ್ಟೆ ಸಮಿತಿ ಅದನ್ನು ಅಮಾನತಿನಲ್ಲಿಡಬಹುದು, ರದ್ದೂ ಮಾಡಬಹುದು ಎಂಬುದು ಅವನಿಗೆ ಗೊತ್ತು. ಅದೇ ರೈತ ನಾಲ್ಕಾರು ಹಂಗಾಮಿನ ಗಳಿಕೆ ಕೂಡಿಸಿ ಮಗಳ ಹೆಸರಿಗೆ ಒಂದು ಪ್ಲಾಟ್ ಹಿಡಿಯಲು ಹೊರಟಾಗ, ಜಾಗ ತೋರಿಸಲು ಬಂದವನ ಬಳಿ ಯಾವ ಲೈಸೆನ್ಸ್ ಇದೆ ಎಂದು ಕೇಳುವುದಿಲ್ಲ. ಹಾಗೆ ಕೇಳಲು ಕಾನೂನು ಇದೆ ಎಂಬುದೇ ಬಹಳ ಜನರಿಗೆ ತಿಳಿದಿಲ್ಲ.

ಕಾನೂನು ಇದೆ, ಅದಕ್ಕೆ ಹಲ್ಲೂ ಇದೆ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯನ್ನು ಜನ ರೇರಾ ಎಂದು ಕರೆಯುತ್ತಾರೆ. ಅದು ಲೇಔಟ್ ಮಾಡುವ ಕಂಪನಿಗಳಿಗೆ, ಬೆಂಗಳೂರಿನ ಅಪಾರ್ಟ್‌ಮೆಂಟ್ ಬಿಲ್ಡರುಗಳಿಗೆ ಮಾತ್ರ ಸಂಬಂಧಪಟ್ಟಿದ್ದು ಎಂಬ ಭಾವನೆ ಊರೂರಲ್ಲಿದೆ. ಆದರೆ ಕಾಯ್ದೆಯ 9 ಮತ್ತು 10ನೇ ಕಲಮುಗಳು ಇಡಿಯಾಗಿ ಮಧ್ಯವರ್ತಿಗಳನ್ನು ಕುರಿತೇ ಇವೆ. 2017ರ ಮೇ 1ರಿಂದ ಇಡೀ ಕಾಯ್ದೆ ಜಾರಿಗೆ ಬಂತು. ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಹೊರಡಿಸಿತು. ಅಂದಿನಿಂದ ರೇರಾದಲ್ಲಿ ನೋಂದಾಯಿಸಿದ ಬಡಾವಣೆಯ ಪ್ಲಾಟನ್ನು ಮಾರಿಸಿಕೊಡುವ ಏಜೆಂಟ್ ತಾನೂ ರೇರಾದಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಾಯಿಸದ ಬಡಾವಣೆಯಾದರೆ ಅಲ್ಲಿನ ಪ್ಲಾಟ್ ಮಾರಿಸಿಕೊಡುವುದೇ ತಪ್ಪು.

ಏಜೆಂಟ್ ಎಂದರೆ ಯಾರು? ಬೋರ್ಡು ಹಾಕಿ ಆಫೀಸು ತೆರೆದವನು ಮಾತ್ರವಲ್ಲ. ಕೊಳ್ಳುವವರನ್ನೂ ಮಾರುವವರನ್ನೂ ಯಾವುದೇ ಮಾಧ್ಯಮದ ಮೂಲಕ ಒಬ್ಬರಿಗೊಬ್ಬರು ಪರಿಚಯಿಸಿ ಅದಕ್ಕೆ ಕಮಿಷನ್ ಪಡೆಯುವ ಪ್ರತಿಯೊಬ್ಬನೂ ಏಜೆಂಟ್. ದಲ್ಲಾಳಿ, ಮಧ್ಯವರ್ತಿ, ಡೀಲರ್, ಹೆಸರು ಯಾವುದಾದರೂ ಸರಿ ಎಂದು ಕಾಯ್ದೆ ಬಿಡಿಸಿ ಹೇಳಿದೆ. ಹಾಗಾಗಿ ಚಹಾದಂಗಡಿಯಲ್ಲಿ ಕೂತು ವಾಟ್ಸ್‌ಆ್ಯಪ್‌ನಲ್ಲಿ ಪ್ಲಾಟಿನ ನಕ್ಷೆ ಕಳಿಸುವ ಹುಡುಗನೂ, ನಿವೃತ್ತಿಯ ನಂತರ ಇದನ್ನೇ ಉಪಕಸುಬು ಮಾಡಿಕೊಂಡ ಹಿರಿಯರೂ ಇದರೊಳಗೆ ಬರುತ್ತಾರೆ.

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರುಗಳಿಗೆ ಈ ಮಾತು ಈಗಲೇ ಏಕೆ ಮುಖ್ಯ ಎಂಬುದಕ್ಕೆ ರೈಲಿನ ಹಳಿ ನೋಡಿದರೆ ಸಾಕು. ದಶಕಗಳ ಕಾಯುವಿಕೆಯ ನಂತರ 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂತು. ಅತ್ತ ಗದಗ–ವಾಡಿ ಮಾರ್ಗ ಲಿಂಗಸುಗೂರನ್ನು ಹಾದುಹೋಗಲಿದೆ. 2025ರ ಮೇನಲ್ಲಿ ಅದು ಕುಷ್ಟಗಿವರೆಗೆ ತಲುಪಿದೆ. ಮಸ್ಕಿ ತಾಲ್ಲೂಕು ಕೇಂದ್ರವಾಗಿ ಇನ್ನೂ ಬಹಳ ವರ್ಷವಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಹಣ, ಹಟ್ಟಿ ಚಿನ್ನದ ಗಣಿಯ ಸಂಬಳ, ಹೊರಗೆ ದುಡಿಯುವ ಮಕ್ಕಳು ಕಳಿಸುವ ಉಳಿತಾಯ, ಇವೆಲ್ಲ ಹೋಗಿ ನಿಲ್ಲುವುದು ಕೊನೆಗೆ ಭೂಮಿಯಲ್ಲೇ. ಹೊಸ ಕಚೇರಿ, ಹೊಸ ನಿಲ್ದಾಣ ಬಂದಲ್ಲೆಲ್ಲ ಹೊಲದ ಬದುವಿಗೆ ಬಿಳಿ ಕಲ್ಲು ನೆಡುತ್ತಾರೆ, ಕಮಾನು ಎತ್ತುತ್ತಾರೆ. ‘ಅಣ್ಣಾರ, ಎನ್‌ಎ ಆಗ್ಯಾದ, ಲೋನೂ ಸಿಗ್ತದ, ಯುಗಾದಿ ಆದ್ಮ್ಯಾಲ ರೇಟ್ ಏರ್ತದ’ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ.

ಆ ಮಾತಿನಲ್ಲೇ ಕಾನೂನಿನ ಸಿಕ್ಕು ಇದೆ. ಎನ್‌ಎ ಆಗುವುದು ಎಂದರೆ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಕೃಷಿ ಜಮೀನು ಕೃಷಿಯೇತರ ಬಳಕೆಗೆ ಪರಿವರ್ತನೆಯಾಗುವುದು, ಅಷ್ಟೇ. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇರೆ. ರೇರಾ ನೋಂದಣಿ ಅದಕ್ಕಿಂತಲೂ ಬೇರೆ. ಯೋಜನಾ ಪ್ರದೇಶದೊಳಗೆ 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಪ್ಲಾಟ್ ಮಾಡಿ ಮಾರುವ ಯಾರೇ ಆದರೂ ಮೊದಲು ರೇರಾದಲ್ಲಿ ನೋಂದಾಯಿಸಬೇಕು, ಅಲ್ಲಿಯವರೆಗೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಹಣವನ್ನೂ ಮುಟ್ಟುವಂತಿಲ್ಲ. 500 ಚದರ ಮೀಟರ್ ಎಂದರೆ ಐದು ಗುಂಟೆಗೂ ಒಂದಿಷ್ಟು ಕಡಿಮೆ. ಎಕರೆಗೆ 40 ಗುಂಟೆ. ಅರ್ಧ ಎಕರೆಯಲ್ಲಿ ಪ್ಲಾಟ್ ಮಾಡಿದರೂ ಈ ನಿಯಮದಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದಾಯಿತು. ಎನ್‌ಎ ಆದೇಶದ ಪ್ರತಿ ಮಾತ್ರ ತೋರಿಸಿ ಎಲ್ಲವೂ ಆಗಿದೆ ಎಂದು ನಂಬಿಸುವ ಏಜೆಂಟ್, ಇಲ್ಲದ ಅನುಮೋದನೆಯನ್ನು ಇದೆ ಎಂದು ಹೇಳಿದಂತೆ. 10ನೇ ಕಲಮು ಇದನ್ನೇ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ.

ಅದೇ ಕಲಮು ಏಜೆಂಟನ ಮೇಲೆ ಇನ್ನೂ ಕೆಲವು ಹೊಣೆ ಹೊರಿಸಿದೆ. ಲೆಕ್ಕಪುಸ್ತಕ, ದಾಖಲೆಗಳನ್ನು ಅವನು ಇಟ್ಟಿರಬೇಕು. ಬುಕಿಂಗ್ ಸಮಯದಲ್ಲಿ ಕೊಳ್ಳುವವರಿಗೆ ಸಿಗಬೇಕಾದ ಎಲ್ಲ ಮಾಹಿತಿ, ದಾಖಲೆ ಅವರ ಕೈಸೇರುವಂತೆ ನೋಡಿಕೊಳ್ಳಬೇಕು. ಮಸ್ಕಿಯ ಉದಾಹರಣೆ ತೆಗೆದುಕೊಳ್ಳಿ. 1915ರಲ್ಲಿ ಬೆಳಕಿಗೆ ಬಂದ, ಅಶೋಕನ ಹೆಸರನ್ನೇ ಹೇಳುವ ಶಿಲಾಶಾಸನ ಅಲ್ಲಿದೆ. ಅದು ಕೇಂದ್ರ ಸಂರಕ್ಷಿತ ಸ್ಮಾರಕ. ಇಂಥ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವುದನ್ನು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ನಿಷೇಧಿಸಿದೆ. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಆ ಆಸುಪಾಸಿನ ಜಾಗಕ್ಕೆ ಗಿರಾಕಿ ಕರೆತರುವವನು ಗುಡ್ಡದ ನೋಟವನ್ನು ಹೊಗಳಿ ಈ ಸಂಗತಿಯನ್ನು ಮುಚ್ಚಿಟ್ಟರೆ ಪ್ಲಾಟ್ ಕೊಂಡವರು ಮನೆ ಕಟ್ಟಲಾಗದೆ ಕೂರಬೇಕಾಗುತ್ತದೆ.

ಇನ್ನು ಶಿಕ್ಷೆಯ ಮಾತು. 62ನೇ ಕಲಮಿನ ಪ್ರಕಾರ, ನೋಂದಣಿ ಇಲ್ಲದೆ ವ್ಯವಹಾರ ನಡೆಸಿದ ಅಥವಾ 10ನೇ ಕಲಮು ಮುರಿದ ಏಜೆಂಟನಿಗೆ ತಪ್ಪು ಮುಂದುವರಿದ ಪ್ರತಿ ದಿನಕ್ಕೆ ₹10,000 ದಂಡ. ಒಟ್ಟು ದಂಡ ಅವನು ಮಾರಿಸಿಕೊಟ್ಟ ಆಸ್ತಿಯ ಬೆಲೆಯ ಶೇ 5ರವರೆಗೆ ಏರಬಹುದು. ರೇರಾ ಪ್ರಾಧಿಕಾರದ ಆದೇಶವನ್ನೇ ಪಾಲಿಸದಿದ್ದರೆ 65ನೇ ಕಲಮಿನಡಿ ಮತ್ತೆ ದಿನದ ಲೆಕ್ಕದ ದಂಡ, ಅದಕ್ಕೂ ಶೇ 5ರ ಮಿತಿ. ಮೇಲ್ಮನವಿ ನ್ಯಾಯಮಂಡಳಿಯ ಆದೇಶ ಮೀರಿದರೆ ಮಾತ್ರ ಜೈಲಿನ ಮಾತು ಬರುತ್ತದೆ: ಒಂದು ವರ್ಷದವರೆಗೆ ಸೆರೆವಾಸ, ಅಥವಾ ಶೇ 10ರವರೆಗೆ ದಂಡ, ಅಥವಾ ಎರಡೂ.

ಸಣ್ಣ ಊರಿನ ಲೆಕ್ಕದಲ್ಲಿ ಇದನ್ನು ಕೂಡಿ ಕಳೆದು ನೋಡಬೇಕು. ₹12 ಲಕ್ಷದ ಒಂದು ಪ್ಲಾಟ್ ಎಂದಿಟ್ಟುಕೊಳ್ಳಿ. ಶೇ 2 ಕಮಿಷನ್ ಎಂದರೆ ಏಜೆಂಟನಿಗೆ ₹24,000. ದಂಡದ ಗರಿಷ್ಠ ಮಿತಿ ₹60,000. ದಿನಕ್ಕೆ ₹10,000ರಂತೆ ಆರನೇ ದಿನಕ್ಕೇ ಮೀಟರ್ ನಿಂತುಹೋಗುತ್ತದೆ. ಬೆಂಗಳೂರಿನ ₹1 ಕೋಟಿಯ ಫ್ಲ್ಯಾಟ್ ಮಾರಿಸಿದವನಿಗೆ ಅದೇ ಮಿತಿ ₹5 ಲಕ್ಷ. ಗಳಿಸಿದ್ದಕ್ಕಿಂತ ದಂಡ ಹೆಚ್ಚು ಎಂಬುದು ನಿಜ, ಆದರೆ ಸಿಕ್ಕಿಬಿದ್ದರೆ ಮಾತ್ರ. ಇಪ್ಪತ್ತು ಪ್ಲಾಟ್ ಮಾರಿಸಿದವನ ಮೇಲೆ ಒಬ್ಬರೇ ದೂರು ಕೊಟ್ಟರೆ ಅವನಿಗೆ ಅದು ವ್ಯಾಪಾರದ ಒಂದು ಖರ್ಚಷ್ಟೇ. ಕಾಯ್ದೆಯ ಈ ದುರ್ಬಲ ಜಾಗ ತಾಲ್ಲೂಕು ಊರುಗಳಲ್ಲೇ ಹೆಚ್ಚು ಎದ್ದು ಕಾಣುತ್ತದೆ.

ಹಣಕ್ಕಿಂತ ಹೆಚ್ಚು ನೋಯಿಸುವ ಶಿಕ್ಷೆ ಬೇರೊಂದಿದೆ: ನೋಂದಣಿಯನ್ನೇ ಕಳೆದುಕೊಳ್ಳುವುದು. ಷರತ್ತು ಮುರಿದರೆ, ಸುಳ್ಳು ಹೇಳಿ ನೋಂದಣಿ ಪಡೆದಿದ್ದರೆ ಪ್ರಾಧಿಕಾರ ಅದನ್ನು ಅಮಾನತು ಮಾಡಬಹುದು, ರದ್ದುಪಡಿಸಬಹುದು. ಮೊದಲು ಅವನ ವಾದ ಕೇಳಬೇಕು ಎಂಬುದೊಂದೇ ಕಟ್ಟಳೆ. ರದ್ದಾದ ಮೇಲೆ ಅವನ ಹೆಸರು, ಭಾವಚಿತ್ರ ಪ್ರಾಧಿಕಾರದ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇರಬೇಕು ಎಂದು 34ನೇ ಕಲಮು ಹೇಳುತ್ತದೆ. ಮುಖ ನೋಡಿ ನಂಬುವ ಊರುಗಳಲ್ಲಿ ಇದರ ಪೆಟ್ಟು ₹60,000ದ ದಂಡಕ್ಕಿಂತ ಜೋರು.

ಈ ಅಧಿಕಾರವನ್ನು ಗಟ್ಟಿಯಾಗಿ ಬಳಸಿದ್ದು ನೆರೆಯ ಮಹಾರಾಷ್ಟ್ರ. ಕಾಯ್ದೆ ಜಾರಿಯಾದ 2017ರಲ್ಲೇ ಅಲ್ಲಿನ ಪ್ರಾಧಿಕಾರ ಮುಂಬೈನ ಚೆಂಬೂರಿನ ಒಂದು ಏಜೆನ್ಸಿಗೆ ನಿಯಮ ಮೀರಿ ಜಾಹೀರಾತು ಕೊಟ್ಟದ್ದಕ್ಕೆ ₹1.2 ಲಕ್ಷ ದಂಡ ಹಾಕಿತು. ದೂರು ಕೊಟ್ಟದ್ದು ಒಂದು ಗ್ರಾಹಕ ಸಂಘಟನೆ. ಮುಂದೆ ಏಜೆಂಟರು ತರಬೇತಿ ಪಡೆದು ಪರೀಕ್ಷೆ ಪಾಸಾಗಬೇಕೆಂಬ ನಿಯಮವನ್ನೂ ಅಲ್ಲಿ ತಂದರು. ಗಡುವು ಮುಗಿದರೂ ಪ್ರಮಾಣಪತ್ರ ಪಡೆಯದ ಸುಮಾರು 20,000 ಏಜೆಂಟರ ನೋಂದಣಿಯನ್ನು 2024ರಲ್ಲಿ ಒಂದೇ ಏಟಿಗೆ ಅಮಾನತಿನಲ್ಲಿಟ್ಟರು. ಸಿಂಗಪುರ ಇನ್ನೂ ಮುಂದೆ ಹೋಗಿದೆ. 2010ರಲ್ಲಿ ಅಲ್ಲಿ ಏಜೆಂಟರಿಗೆಂದೇ ಪ್ರತ್ಯೇಕ ಮಂಡಳಿ ರಚನೆಯಾಯಿತು. ಶಿಸ್ತುಕ್ರಮದ ಗರಿಷ್ಠ ದಂಡ 2021ರಿಂದ ಒಬ್ಬ ಏಜೆಂಟನಿಗೆ ಒಂದು ಲಕ್ಷ ಸಿಂಗಪುರ ಡಾಲರ್, ಏಜೆನ್ಸಿಗೆ ಎರಡು ಲಕ್ಷ. ಏಜೆಂಟನ ಫೋನ್ ನಂಬರ್ ಹಾಕಿದರೆ ಅವನು ನೋಂದಾಯಿತನೋ ಅಲ್ಲವೋ ಎಂಬುದು ಸಾಮಾನ್ಯರಿಗೂ ಮೊಬೈಲಿನಲ್ಲೇ ಸಿಗುತ್ತದೆ.

ಕರ್ನಾಟಕದಲ್ಲೂ ಪರಿಶೀಲಿಸುವುದು ಕಷ್ಟವಿಲ್ಲ. ಇಲ್ಲಿ ಒಬ್ಬ ವ್ಯಕ್ತಿ ಏಜೆಂಟ್ ಆಗಿ ನೋಂದಾಯಿಸಲು ಶುಲ್ಕ ₹25,000, ಸಂಸ್ಥೆಗಾದರೆ ₹2 ಲಕ್ಷ. ಒಮ್ಮೆ ಸಿಕ್ಕ ನೋಂದಣಿ ಐದು ವರ್ಷ, ಇಡೀ ರಾಜ್ಯಕ್ಕೆ ನಡೆಯುತ್ತದೆ. ತಾನು ಮಾಡಿಸುವ ಪ್ರತಿ ಮಾರಾಟದಲ್ಲೂ ಏಜೆಂಟ್ ಆ ಸಂಖ್ಯೆ ನಮೂದಿಸಬೇಕು. ಸಂಖ್ಯೆ ‘ಪಿಆರ್‌ಎಂ/ಕೆಎ/ರೇರಾ’ ಎಂಬ ಅಕ್ಷರಗಳಿಂದ ಶುರುವಾಗುತ್ತದೆ. ಮುಂದೆ ಅಂಕಿಗಳ ನಡುವೆ ಎರಡು ಇಂಗ್ಲಿಷ್ ಅಕ್ಷರ ಬರುತ್ತವೆ: ‘ಪಿಆರ್’ ಎಂದಿದ್ದರೆ ಅದು ಬಡಾವಣೆಯ ನೋಂದಣಿ, ‘ಎಜಿ’ ಎಂದಿದ್ದರೆ ಏಜೆಂಟನದು. ಕರಪತ್ರದ ಮೂಲೆಯಲ್ಲಿ ರೇರಾ ಸಂಖ್ಯೆ ಕಂಡೊಡನೆ ಸಮಾಧಾನ ಪಡಬಾರದು. ಅದು ಯಾರ ಸಂಖ್ಯೆ ಎಂದು ನೋಡಬೇಕು. ಏಜೆಂಟನ ನೋಂದಣಿ ಇದ್ದು ಬಡಾವಣೆಯದು ಇಲ್ಲದಿದ್ದರೆ ಆ ಪ್ಲಾಟ್ ಮಾರಿಸುವ ಹಕ್ಕು ಅವನಿಗಿಲ್ಲ. ಕರ್ನಾಟಕ ರೇರಾದ ಜಾಲತಾಣದಲ್ಲಿ ಎರಡನ್ನೂ ಹುಡುಕಿ ನೋಡಬಹುದು, ದೂರನ್ನೂ ಅಲ್ಲೇ ಸಲ್ಲಿಸಬಹುದು. ಸಂಚಕಾರ ಕೊಡುವವರು ಇನ್ನೊಂದನ್ನು ನೆನಪಿಡಬೇಕು: ನೋಂದಾಯಿತ ಕರಾರುಪತ್ರ ಆಗುವ ಮುನ್ನ ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣವನ್ನು ಲೇಔಟ್ ಮಾಡುವವರು ತೆಗೆದುಕೊಳ್ಳುವಂತಿಲ್ಲ. ಬರೀ ಬಾಂಡ್ ಪೇಪರಿನ ಮೇಲೆ ಬರೆದುಕೊಟ್ಟು ಅರ್ಧ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಎಲ್ಲ ವ್ಯವಹಾರವೂ ರೇರಾ ವ್ಯಾಪ್ತಿಗೆ ಬರುವುದಿಲ್ಲ. ಹೊಲ ಮಾರಿಸುವ ದಲ್ಲಾಳಿ ಇದರಲ್ಲಿಲ್ಲ. ಒಬ್ಬರು ಎಂದೋ ಕೊಂಡ ಪ್ಲಾಟನ್ನು ಇನ್ನೊಬ್ಬರಿಗೆ ಮಾರುವಾಗ ನಡುವೆ ನಿಲ್ಲುವವನಿಗೂ ಸಾಮಾನ್ಯವಾಗಿ ಈ ನೋಂದಣಿ ಅನ್ವಯಿಸದು. ಅಲ್ಲಿ ಮೋಸವಾದರೆ ಪೊಲೀಸ್ ಠಾಣೆ, ಸಿವಿಲ್ ಕೋರ್ಟುಗಳೇ ದಾರಿ. ಲೇಔಟ್ ಅಭಿವೃದ್ಧಿಪಡಿಸಿ ಪ್ಲಾಟ್ ಮಾರುವುದು ಒಂದು ಸೇವೆ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ನಾರ್ನೆ ಕನ್‌ಸ್ಟ್ರಕ್ಷನ್ ಪ್ರಕರಣದಲ್ಲಿ ಹೇಳಿರುವುದರಿಂದ, ಲೇಔಟಿನವರ ವಿರುದ್ಧ ರಾಯಚೂರಿನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ದೂರು ಕೊಡಲು ಹೊರಟವರು ಮೊದಲೇ ತಿಳಿದಿರಬೇಕಾದ ಒಂದು ಕಹಿ ಸಂಗತಿ ಇದೆ. ಏಜೆಂಟನಿಗೆ ಬೀಳುವ ದಂಡ ಸರ್ಕಾರದ ಖಾತೆಗೆ ಹೋಗುತ್ತದೆ, ಮೋಸಹೋದವರ ಕೈಗಲ್ಲ. ಕೊಟ್ಟ ಹಣ ಬಡ್ಡಿಸಮೇತ ವಾಪಸ್ ಬೇಕಾದರೆ ಲೇಔಟ್ ಮಾಡಿದವರ ಮೇಲೆ 18ನೇ ಕಲಮಿನಡಿ ಬೇರೆಯೇ ಕೇಳಬೇಕು. ಆದೇಶವಾದರೂ ವಸೂಲಿ ಆಗಬೇಕು. ಭೂಕಂದಾಯ ಬಾಕಿಯಂತೆ ಅದನ್ನು ವಸೂಲು ಮಾಡಿಕೊಡುವ ಹೊಣೆ ಜಿಲ್ಲಾಧಿಕಾರಿ, ತಹಶೀಲ್ದಾರರದು. ರಾಜ್ಯದಲ್ಲಿ ಹೀಗೆ ವಸೂಲಾಗಬೇಕಾದ ನೂರಾರು ಕೋಟಿ ರೂಪಾಯಿ ಬಾಕಿ ಉಳಿದಿದೆ. ಗೆದ್ದವರೂ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ. ಸಿಂಧನೂರಿನಿಂದ ಬೆಂಗಳೂರು ಸುಮಾರು 400 ಕಿ.ಮೀ. ದೂರ. ಭತ್ತದ ಕಟಾವು ಬಿಟ್ಟು, ಡ್ಯೂಟಿ ಬಿಟ್ಟು ಅಷ್ಟು ದೂರ ಹೋಗಿಬರುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಆದ್ದರಿಂದ ತಡೆಯುವ ಕೆಲಸ ಊರಿನಲ್ಲೇ ಆಗಬೇಕು, ಅದಕ್ಕೆ ದೊಡ್ಡ ಖರ್ಚೂ ಇಲ್ಲ. ಪ್ಲಾಟ್ ಕೊಳ್ಳುವವರು ಉಪನೋಂದಣಿ ಕಚೇರಿಗೆ ಬಂದೇ ಬರುತ್ತಾರೆ, ಖಾತೆಗಾಗಿ ಸಿಂಧನೂರಿನ ನಗರಸಭೆಗೆ, ಲಿಂಗಸುಗೂರು, ಮಸ್ಕಿಯ ಪುರಸಭೆಗಳಿಗೆ ಹೋಗುತ್ತಾರೆ. ಆ ಗೋಡೆಗಳ ಮೇಲೆ ಆಯಾ ತಾಲ್ಲೂಕಿನ ರೇರಾ ನೋಂದಾಯಿತ ಬಡಾವಣೆಗಳ, ಏಜೆಂಟರ ಪಟ್ಟಿಯನ್ನು ಕನ್ನಡದಲ್ಲಿ ಅಂಟಿಸಿ, ಮೂರು ತಿಂಗಳಿಗೊಮ್ಮೆ ಬದಲಾಯಿಸಬಹುದು. ನೋಂದಣಿ ರದ್ದಾದವರ ಹೆಸರು ಅದರ ಕೆಳಗೇ ಇರಲಿ. ಲಿಂಗಸುಗೂರಿನತ್ತ ರೈಲಿನ ಹಳಿ ಬರುವ ಮೊದಲೇ, ಹಳಿಯ ಪಕ್ಕದ ಹೊಲಗಳಲ್ಲಿ ಬಿಳಿ ಕಲ್ಲು ಏಳುವ ಮೊದಲೇ, ಈ ಪಟ್ಟಿ ಗೋಡೆಗೆ ಬರಬೇಕು.