ಮರಕ್ಕೆ ಒರಗುವ ಮುನ್ನ: ಹಿತವಾದ ಟ್ರೀ ಸ್ಯಾಡಲ್ ಆರಿಸುವ ಬಗೆ

ಅಮೆರಿಕದ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಎಲೆ ಉದುರುವ ಕಾಲ ಬಂತೆಂದರೆ ಜಿಂಕೆ ಬೇಟೆಯ ಕಾಲವೂ ಬಂತು. ಲೈಸೆನ್ಸ್ ಪಡೆದವರು ಸರ್ಕಾರ ಗೊತ್ತುಮಾಡಿದ ದಿನಗಳಲ್ಲಿ, ಗೊತ್ತುಮಾಡಿದಷ್ಟೇ ಬಿಳಿಬಾಲದ ಜಿಂಕೆಗಳನ್ನು ಹೊಡೆಯಬಹುದು. ಮಿತಿಯಿಲ್ಲದ ಬೇಟೆ ಮತ್ತು ಮಾಂಸದ ವ್ಯಾಪಾರದಿಂದ 1900ರ ಹೊತ್ತಿಗೆ ಆ ದೇಶದಲ್ಲಿ ಈ ಜಿಂಕೆಗಳು ಸುಮಾರು 5 ಲಕ್ಷಕ್ಕೆ ಇಳಿದಿದ್ದವೆಂದು ಅಂದಾಜು. ಕಟ್ಟುನಿಟ್ಟಿನ ಕಾನೂನು ಬಂದ ಮೇಲೆ ಸಂತತಿ ಚೇತರಿಸಿಕೊಂಡು ಈಗ ಸುಮಾರು 3 ಕೋಟಿಗೆ ಏರಿದೆ. ಅವುಗಳನ್ನು ಹಿಡಿದು ತಿನ್ನುತ್ತಿದ್ದ ತೋಳಗಳು ಬಹುಪಾಲು ರಾಜ್ಯಗಳಿಂದ ಮರೆಯಾಗಿವೆ. ಜಿಂಕೆ ಹೆಚ್ಚಾದಲ್ಲಿ ಕಾಡಿನ ಎಳೆಯ ಸಸಿ ಮೇಲೇಳುವುದೇ ಇಲ್ಲ. ಆದ್ದರಿಂದ ಅಲ್ಲಿನ ವನ್ಯಜೀವಿ ಇಲಾಖೆಗಳು ನಿಯಂತ್ರಿತ ಬೇಟೆಯನ್ನು ಕಾಡಿನ ನಿರ್ವಹಣೆಯ ಭಾಗವೆಂದೇ ನೋಡುತ್ತವೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯಂತೆ ಬಂದೂಕು ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯ ಹಣ ವನ್ಯಜೀವಿ ಸಂರಕ್ಷಣೆಗೆ ಹೋಗುತ್ತದೆ. ಮುಂದೆ ಬಿಲ್ಲುಬಾಣವೂ ಈ ತೆರಿಗೆಗೆ ಸೇರಿತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ ಬೇಟೆ ಅಪರಾಧ. ಇಲ್ಲಿ ಹೇಳುತ್ತಿರುವುದು ಅಮೆರಿಕದ ರೂಢಿ. ಅಲ್ಲಿ ನೆಲೆಸಿ, ನೆರೆಯವರ ಜೊತೆ ಕಾನೂನುಬದ್ಧವಾಗಿ ಬೇಟೆಗೆ ಹೊರಡುವ ಕನ್ನಡಿಗರಿಗೆ, ಸೊಂಟಕ್ಕೆ ಕಟ್ಟಿಕೊಂಡು ಮರದಿಂದ ಹಗ್ಗದಲ್ಲಿ ತೂಗುವ ಆಸನಪಟ್ಟಿಯಾದ ಸ್ಯಾಡಲ್ಲನ್ನು ಆರಿಸುವ ಈ ವಿಚಾರ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಮೈಭಾರವನ್ನು ಹಗ್ಗಕ್ಕೆ ಒಪ್ಪಿಸಿ ಮರದ ಮೇಲೆ ಹೊತ್ತು ಕಳೆಯುವ ಯಾರಿಗೇ ಆದರೂ ಇದರ ಲೆಕ್ಕಾಚಾರ ಒಂದೇ.

ಮರವೇಕೆ, ಸ್ಯಾಡಲ್ ಏಕೆ

ಜಿಂಕೆಯ ಮೊದಲ ಕಾವಲು ಅದರ ಮೂಗು. ಎರಡನೆಯದು ಕಿವಿ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನ ಬಹುಭಾಗ ಒಮ್ಮೆಗೇ ಅದರ ನೋಟಕ್ಕೆ ಸಿಗುತ್ತದೆ. ಕಿತ್ತಳೆ ಬಣ್ಣ ನಮಗೆ ಕಂಡಂತೆ ಅದಕ್ಕೆ ಕಾಣುವುದಿಲ್ಲ, ಆದರೆ ಚೂರು ಅಲುಗಾಟವೂ ಅದರ ಕಣ್ಣು ತಪ್ಪಿಸುವುದಿಲ್ಲ. ನೆಲದಿಂದ 5–6 ಮೀಟರ್ ಮೇಲಿದ್ದರೆ ಬೇಟೆಗಾರ ಅದರ ನೇರ ನೋಟದಿಂದ ಪಾರಾಗುತ್ತಾನೆ. ಬಿಲ್ಲುಬೇಟೆಗಾರರಿಗಂತೂ ಎತ್ತರ ಬೇಕೇ ಬೇಕು, ಏಕೆಂದರೆ ಜಿಂಕೆ 20–30 ಮೀಟರ್ ಒಳಗೆ ಬಂದರೆ ಮಾತ್ರ ಅವರು ಬಾಣ ಬಿಡಬಹುದು.

ಹಳೆಯ ಉಪಾಯವೆಂದರೆ ಮರಕ್ಕೆ ಕಟ್ಟುವ ಲೋಹದ ಅಟ್ಟಣೆ. ಹೊತ್ತೊಯ್ಯುವ ಬಗೆಯ ಅಟ್ಟಣೆಗಳಲ್ಲೂ ಅನೇಕವು 7ರಿಂದ 11 ಕಿಲೋ ತೂಗುತ್ತವೆ. ಸ್ಯಾಡಲ್ ಸುಮಾರು 1 ಕಿಲೋ. ಹಗ್ಗ, ಕಾಲಿಡುವ ಹಲಗೆ, ಹತ್ತುವ ಏಣಿಕೋಲುಗಳನ್ನು ಸೇರಿಸಿದರೂ ಎಲ್ಲ ಒಂದೇ ಬೆನ್ನುಚೀಲಕ್ಕೆ ಹಿಡಿಯುತ್ತದೆ. ಅನೇಕ ಸಾರ್ವಜನಿಕ ಕಾಡುಗಳಲ್ಲಿ ಮರಕ್ಕೆ ಮೊಳೆ ಹೊಡೆಯುವಂತಿಲ್ಲ, ಅಟ್ಟಣೆಯನ್ನು ಬಿಟ್ಟು ಬರುವಂತಿಲ್ಲ. ಅಲ್ಲಿ ಬೆಳಿಗ್ಗೆ ಹೊತ್ತು ತಂದು ಸಂಜೆ ಹೊತ್ತೊಯ್ಯುವ ಸ್ಯಾಡಲ್ ಅನುಕೂಲ. ಮಿಷಿಗನ್‌ನ ಹೆಸರಾಂತ ಬಿಲ್ಲುಬೇಟೆಗಾರ ಜಾನ್ ಎಬರ್ಹಾರ್ಟ್ ಅವರಂಥವರು 1980ರ ದಶಕದಿಂದಲೇ ಇದನ್ನು ಬಳಸುತ್ತಿದ್ದರೂ ಎಲ್ಲೆಡೆ ಹಬ್ಬಿದ್ದು ಈಚಿನ ವರ್ಷಗಳಲ್ಲಿ.

ಸ್ಯಾಡಲ್‌ನ ಅಂಗಾಂಗ

ಸ್ಯಾಡಲ್ ಎಂದರೆ ಸೊಂಟದ ಹಿಂಭಾಗದಿಂದ ತೊಡೆಯ ಮೇಲ್ಭಾಗದವರೆಗೆ ಆವರಿಸುವ ಅಗಲವಾದ ಗಟ್ಟಿ ಬಟ್ಟೆಯ ಪಟ್ಟಿ. ಅದಕ್ಕೆ ಮುಂದೆ ಕೂಡಿಸುವ ನಡುಪಟ್ಟಿ ಮತ್ತು ಎರಡು ತೊಡೆಪಟ್ಟಿಗಳಿರುತ್ತವೆ. ಸೊಂಟದ ಎರಡೂ ಪಕ್ಕದಲ್ಲಿ ಒಂದೊಂದು ಗಟ್ಟಿ ಕುಣಿಕೆ ಇದ್ದು, ಅವೆರಡನ್ನೂ ಹೊಟ್ಟೆಯ ಮುಂದೆ ಜೋಡಿಸುವ ಹಗ್ಗವೇ ಬ್ರಿಜ್. ಮರದ ಕಾಂಡಕ್ಕೆ ಬಿಗಿಯುವ ಹಗ್ಗ ಟೆದರ್. ಟೆದರ್ ಮೇಲೆ ಬೇಕಾದಲ್ಲಿಗೆ ಜರುಗಿಸಬಹುದಾದ ಪ್ರುಸಿಕ್ ಗಂಟು ಇರುತ್ತದೆ. ಆ ಗಂಟಿಗೂ ಬ್ರಿಜ್‌ಗೂ ನಡುವಿನ ಕೊಂಡಿ ಕ್ಯಾರಬೀನರ್. ಇವಲ್ಲದೆ, ಹತ್ತುವಾಗ ಇಳಿಯುವಾಗ ಕಾಂಡವನ್ನು ಸುತ್ತುಬಳಸಿ ಸೊಂಟದ ಎರಡೂ ಪಕ್ಕಕ್ಕೆ ಸಿಕ್ಕಿಸಿಕೊಳ್ಳುವ ಲೈನ್‌ಮನ್ ಹಗ್ಗ ಪ್ರತ್ಯೇಕವಾಗಿರುತ್ತದೆ.

ಬೇಟೆಗಾರ ಮರಕ್ಕೆ ಮುಖಮಾಡಿ, ಪುಟ್ಟ ಹಲಗೆಯ ಮೇಲೆ ಪಾದವೂರಿ, ಹಿಂದಕ್ಕೆ ಒರಗುತ್ತಾನೆ. ಇಲ್ಲವೇ ಮಂಡಿಗಳನ್ನು ಕಾಂಡಕ್ಕೆ ತಾಗಿಸಿ ಕುಳಿತುಕೊಳ್ಳುತ್ತಾನೆ. ಒರಗಿ ನಿಂತಾಗ ಭಾರ ಪಾದಕ್ಕೂ ಸ್ಯಾಡಲ್‌ಗೂ ಹಂಚಿಹೋಗುತ್ತದೆ. ಕುಳಿತಾಗ ಹೆಚ್ಚಿನ ಭಾರ ಸ್ಯಾಡಲ್ ಮೇಲೆ, ಉಳಿದದ್ದು ಮಂಡಿ ಮತ್ತು ಪಾದಗಳ ಮೇಲೆ. ಗಂಟೆಗಟ್ಟಲೆ ಕಾಯಬೇಕಾದವರು ಈ ಎರಡು ಭಂಗಿಗಳನ್ನೂ ಆಗಾಗ ಬದಲಿಸುತ್ತಿರುತ್ತಾರೆ. ಆದ್ದರಿಂದ ಒಂದೇ ಭಂಗಿಯಲ್ಲಿ ಸುಖವಾಗಿರುವ ಸ್ಯಾಡಲ್ ಅರ್ಧ ಸ್ಯಾಡಲ್ ಅಷ್ಟೆ.

ಹಿತ ಯಾರಿಗಾಗಿ

ಸ್ಯಾಡಲ್‌ನ ಹಿತವನ್ನು ಐಷಾರಾಮವೆಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಸೊಂಟ ಮರಗಟ್ಟಿದವನು ಅಲುಗಾಡುತ್ತಾನೆ. ಅಲುಗಾಡಿದರೆ ಜಿಂಕೆ ಓಡಿಹೋಗುತ್ತದೆ, ಅದು ಸಣ್ಣ ನಷ್ಟ. ದೊಡ್ಡ ಅನಾಹುತವೆಂದರೆ ನೋವಿನಲ್ಲಿ ಗುರಿ ತಪ್ಪಿ ಬಿಟ್ಟ ಬಾಣ. ಎದೆಗೂಡಿಗೆ, ಶ್ವಾಸಕೋಶಕ್ಕೆ ಸರಿಯಾಗಿ ತಾಗಿದ ಬಾಣದಿಂದ ಜಿಂಕೆ ಕೆಲವೇ ಕ್ಷಣಗಳಲ್ಲಿ ಸಾಯುತ್ತದೆ. ಹೊಟ್ಟೆಗೆ ತಾಗಿದರೆ ಗಂಟೆಗಟ್ಟಲೆ ನರಳುತ್ತದೆ. ಒಂದು ಜೀವ ತೆಗೆಯಲು ಹೊರಟವನು ಅದಕ್ಕೆ ಸಲ್ಲಿಸಬೇಕಾದ ಕನಿಷ್ಠ ಋಣ ಸ್ಥಿರವಾದ ಕೈ. ಕೈ ಸ್ಥಿರವಾಗಿರಬೇಕಾದರೆ ನಡು ನೆಮ್ಮದಿಯಾಗಿರಬೇಕು.

ಇನ್ನೊಂದು ಕಾರಣ ಬೇಟೆಗಾರನ ಪ್ರಾಣ. ಚುಚ್ಚುವ ಪಟ್ಟಿಯನ್ನು ಮನುಷ್ಯ ಸಡಿಲಿಸುತ್ತಾನೆ, ಕಿರಿಕಿರಿ ಮಾಡುವ ಕೊಂಡಿಯನ್ನು ಕಳಚುತ್ತಾನೆ. ಮರದ ಮೇಲೆ ಅಂಥ ಒಂದು ಕ್ಷಣ ಸಾಕು.

ಮೆತ್ತೆಯಲ್ಲ, ಕೋನ

ಅಂಗಡಿಯಲ್ಲಿ ಎಲ್ಲರ ಕೈಯೂ ಮೊದಲು ಮುಟ್ಟಿ ನೋಡುವುದು ಮೆತ್ತೆಯನ್ನು. ಆದರೆ ಸ್ಯಾಡಲ್ ಬಳಸುವವರ ಮುಖ್ಯ ದೂರು ಸೊಂಟ ಹಿಂಡುವುದು, ಅಂದರೆ ಎರಡೂ ಪಕ್ಕದ ಮೂಳೆಗಳನ್ನು ಇಕ್ಕಳದಲ್ಲಿ ಒತ್ತಿದಂತಾಗುವ ನೋವು. ಅದಕ್ಕೆ ಮೆತ್ತೆ ಮದ್ದಲ್ಲ. ಅದರ ಮೂಲ ಬ್ರಿಜ್ ಹಗ್ಗದ ಉದ್ದದಲ್ಲಿದೆ.

ಲೆಕ್ಕ ಸರಳ. ಸೊಂಟದ ಕುಣಿಕೆಗಳ ನಡುವಿನ ಅಂತರ 40 ಸೆಂಟಿಮೀಟರ್, ಬ್ರಿಜ್ ಮೇಲೆ ಬೀಳುವ ಭಾರ 60 ಕಿಲೋ ಎಂದಿಟ್ಟುಕೊಳ್ಳೋಣ. ಬ್ರಿಜ್ 80 ಸೆಂಟಿಮೀಟರ್ ಉದ್ದವಿದ್ದರೆ ಅದರ ಎರಡು ಕವಲುಗಳ ನಡುವೆ 60 ಡಿಗ್ರಿ ಕೋನವಾಗುತ್ತದೆ. ಆಗ ಸೊಂಟದ ಪ್ರತಿ ಪಕ್ಕವನ್ನೂ ಒಳಮುಖವಾಗಿ ಒತ್ತುವ ಬಲ ಸುಮಾರು 17 ಕಿಲೋ. ಬ್ರಿಜ್ಜನ್ನು 57 ಸೆಂಟಿಮೀಟರ್‌ಗೆ ಮೊಟಕುಗೊಳಿಸಿದರೆ ಕೋನ 90 ಡಿಗ್ರಿ, ಒತ್ತುವ ಬಲ 30 ಕಿಲೋ. 46 ಸೆಂಟಿಮೀಟರ್‌ಗೆ ಇಳಿಸಿದರೆ ಕೋನ 120 ಡಿಗ್ರಿ, ಬಲ 52 ಕಿಲೋ. ಮನುಷ್ಯ ಅವನೇ, ಭಾರವೂ ಅಷ್ಟೇ. ಹಗ್ಗ ಮಾರುದ್ದವೂ ಅಲ್ಲ, ಒಂದೂವರೆ ಗೇಣು ಕಡಿಮೆಯಾದದ್ದಕ್ಕೆ ಹಿಂಡುವಿಕೆ ಮೂರು ಪಟ್ಟಾಯಿತು. ಮನೆಯಲ್ಲಿ ಮಗುವಿಗೆ ಸೀರೆಯ ಜೋಲಿ ಕಟ್ಟುವಾಗ ಮೇಲೆ ಅಡ್ಡಕೋಲು ತೂರಿಸಿ ಬಟ್ಟೆಯನ್ನು ಅಗಲಿಸುವುದೂ ಇದೇ ಒತ್ತಡವನ್ನು ತಪ್ಪಿಸಲಿಕ್ಕೆ.

ಹಾಗೆಂದು ಬ್ರಿಜ್ ಉದ್ದವಾದಷ್ಟೂ ಒಳ್ಳೆಯದೆಂದಲ್ಲ. ತೀರಾ ಉದ್ದವಾದರೆ ದೇಹ ಮರದಿಂದ ದೂರ ಸರಿಯುತ್ತದೆ, ಕ್ಯಾರಬೀನರ್ ಕೈಗೆ ಎಟುಕದೆ ಹೋಗುತ್ತದೆ. ಆದ್ದರಿಂದ ಉದ್ದವನ್ನು ಹೊಂದಿಸಿಕೊಳ್ಳಬಹುದಾದ ಬ್ರಿಜ್ ಇರುವ ಸ್ಯಾಡಲ್ಲನ್ನೇ ಕೊಳ್ಳಿ. ಮೆತ್ತೆಗೆ ಕೊಡುವ ಹಣಕ್ಕಿಂತ ಈ ಒಂದು ಅನುಕೂಲಕ್ಕೆ ಕೊಟ್ಟ ಹಣ ಹೆಚ್ಚು ಉಪಕಾರಿ.

ಟೆದರ್‌ನ ಎತ್ತರವೂ ಅಷ್ಟೇ ಮುಖ್ಯ. ಹಲಗೆಯ ಮೇಲೆ ನಿಂತಾಗ ಕಣ್ಣಿನ ಮಟ್ಟಕ್ಕೆ ಬರುವಂತೆ ಕಟ್ಟಿ ಶುರುಮಾಡಿ. ಅಲ್ಲಿಂದ ಒಂದು ಗೇಣು ಮೇಲೆ, ಒಂದು ಗೇಣು ಕೆಳಗೆ ಸರಿಸಿ ನೋಡಿದರೆ ಭಾರ ಬೆನ್ನಿನಿಂದ ತೊಡೆಗೆ, ತೊಡೆಯಿಂದ ಪಾದಕ್ಕೆ ಜಾರುವುದು ಮೈಗೇ ಗೊತ್ತಾಗುತ್ತದೆ.

ಒಂದು ಪಟ್ಟಿಯೋ ಎರಡೋ

ಸ್ಯಾಡಲ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಇಡೀ ಆಸನ ಒಂದೇ ಅಗಲ ಪಟ್ಟಿ. ತೂಕ ಕಡಿಮೆ, ಹಾಕಿಕೊಳ್ಳುವುದು ಸುಲಭ, ಸದ್ದಿಲ್ಲ. ಎರಡನೆಯದರಲ್ಲಿ ಮೇಲೊಂದು ಕೆಳಗೊಂದು ಪಟ್ಟಿ. ಕೆಳಗಿನದನ್ನು ತೊಡೆಯವರೆಗೆ ಇಳಿಸಿ, ಮೇಲಿನದನ್ನು ನಡುವಿಗೆ ಏರಿಸಿದರೆ ಕುರ್ಚಿಯಲ್ಲಿ ಕೂತಷ್ಟು ಆಧಾರ ಸಿಗುತ್ತದೆ. ಇಡೀ ದಿನ ಮರದ ಮೇಲಿರುವವರಿಗೆ, ಭಾರವಾದ ಮೈಯವರಿಗೆ ಇದು ಒಗ್ಗುವುದು ಹೆಚ್ಚು. ಬೆಳಿಗ್ಗೆ ಸಂಜೆ ಎರಡೆರಡು ಗಂಟೆ ಕಾಯುವವರಿಗೆ, ದೂರ ನಡೆಯುವವರಿಗೆ ಮೊದಲನೆಯದೇ ಸಾಕು.

ಬಟ್ಟೆಯಲ್ಲಿ ಜಾಲರಿ ನೇಯ್ಗೆಯದು ಸೆಪ್ಟೆಂಬರ್ ಸೆಖೆಯಲ್ಲಿ ಗಾಳಿಯಾಡುತ್ತದೆ, ಮಳೆಯಲ್ಲಿ ನೆಂದರೆ ಬೇಗ ಆರುತ್ತದೆ. ದಟ್ಟ ನೇಯ್ಗೆಯದು ಒತ್ತಡವನ್ನು ಸಮನಾಗಿ ಹರಡುತ್ತದೆ. ಎರಡರಲ್ಲೂ ಬೆರಳಿನಿಂದ ಪರೀಕ್ಷಿಸಬೇಕಾದದ್ದು ಅಂಚು. ಅಂಚಿನ ಹೊಲಿಗೆ ಗಡಸಾಗಿ ಉಬ್ಬಿದ್ದರೆ ಭಾರವೆಲ್ಲ ಆ ಒಂದು ಗೆರೆಯ ಮೇಲೆ ಬಿದ್ದು ತೊಡೆಯನ್ನು ಕೊರೆಯುತ್ತದೆ.

ಅಳತೆಯನ್ನು ಪ್ಯಾಂಟಿನ ಸೈಜಿನಿಂದ ತೀರ್ಮಾನಿಸಬೇಡಿ. ಟೇಪು ಹಿಡಿದು ಪೃಷ್ಠದ ಅತಿ ಅಗಲವಾದ ಕಡೆ ಅಳೆಯಿರಿ, ಅದೂ ಬೇಟೆಯ ದಿನ ತೊಡುವ ಬಟ್ಟೆಯ ಮೇಲೆಯೇ. ನವೆಂಬರ್‌ನ ವಿಸ್ಕಾನ್ಸಿನ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯುವುದು ಸಾಮಾನ್ಯ. ಮೂರು ಪದರ ಬಟ್ಟೆಯ ಮೇಲೆ ಸರಿಹೋಗದ ಸ್ಯಾಡಲ್ ಅಲ್ಲಿ ನಿರುಪಯೋಗಿ. ನಡುಪಟ್ಟಿ ಸೊಂಟದ ಮೂಳೆಯ ಅಂಚಿಗಿಂತ ಮೇಲೆ ಬಿಗಿಯಾಗಿ ಕೂರಬೇಕು. ಇಲ್ಲದಿದ್ದರೆ ದೇಹ ತಲೆಕೆಳಗಾದಾಗ ಸ್ಯಾಡಲ್ ಜಾರಿಹೋಗುವ ಅಪಾಯವಿದೆ. ಸೊಂಟಕ್ಕಿಂತ ಹೊಟ್ಟೆ ದೊಡ್ಡದಿರುವವರು ಭುಜಪಟ್ಟಿ ಜೋಡಿಸಬಹುದಾದ ಮಾದರಿಯನ್ನು ಕೇಳಬೇಕು.

ಹಿತ್ತಲಲ್ಲಿ ಒಂದು ಗಂಟೆ

ಸ್ಯಾಡಲ್‌ನ ಗುಣ ಐದು ನಿಮಿಷದಲ್ಲಿ ತಿಳಿಯುವುದಿಲ್ಲ. ಹಿತ್ತಲಲ್ಲಿ ಗಟ್ಟಿಯಾದ, ಜೀವಂತ ಮರವೊಂದಕ್ಕೆ ನೆಲದಿಂದ ಒಂದಡಿ ಎತ್ತರದಲ್ಲಿ ಹಲಗೆ ಕಟ್ಟಿ, ಪೂರ್ತಿ ಬಟ್ಟೆ, ಬೂಟು ತೊಟ್ಟು, ಜೇಬಿನಲ್ಲಿರುವುದೆಲ್ಲ ಇದ್ದಂತೆಯೇ ಒಂದು ಗಂಟೆ ಇದ್ದು ನೋಡಿ. ನೋವು ಎಲ್ಲಿ ಬಂತೆಂಬುದೇ ಅದರ ಕಾರಣವನ್ನೂ ಹೇಳುತ್ತದೆ.

ಎರಡೂ ಪಕ್ಕದ ಮೂಳೆ ನೋಯುತ್ತಿದ್ದರೆ ಬ್ರಿಜ್ ಗಿಡ್ಡವಾಗಿದೆ, ಉದ್ದ ಬಿಡಿ. ತೊಡೆಯ ಹೊರಮೈ ಜುಮ್ಮೆನ್ನುತ್ತಿದ್ದರೆ ಸೊಂಟದ ಮುಂಭಾಗದಲ್ಲಿ ಹಾದುಹೋಗುವ ನರವೊಂದು ಪಟ್ಟಿಯಡಿ ಸಿಕ್ಕಿಕೊಂಡಿರಬಹುದು. ನಡುಪಟ್ಟಿಯ ಜಾಗ ಬದಲಿಸಿ, ಜೇಬಿನ ಚಾಕು, ಫೋನುಗಳನ್ನು ಬೇರೆಡೆಗೆ ಸಾಗಿಸಿ. ಕೆಳಬೆನ್ನು ಸೆಳೆಯುತ್ತಿದ್ದರೆ ಆಸನ ತೀರಾ ಮೇಲೇರಿರುತ್ತದೆ, ಕೈಯಿಂದ ಕೆಳಗೆಳೆದು ಪೃಷ್ಠದ ಅಡಿಗೆ ತನ್ನಿ. ತೊಡೆಯ ಹಿಂಭಾಗ ಕೊರೆಯುತ್ತಿದ್ದರೆ ಅದು ತೀರಾ ಕೆಳಗಿಳಿದಿದೆ ಅಥವಾ ತೊಡೆಪಟ್ಟಿ ಅತಿ ಬಿಗಿಯಾಗಿದೆ. ಮಂಡಿ ನೋಯುತ್ತಿದ್ದರೆ ತಪ್ಪು ಸ್ಯಾಡಲ್‌ನದ್ದಲ್ಲ, ಮಂಡಿಗೆ ಮೆತ್ತೆ ಬೇಕು. ಅಂಗಾಲು ಉರಿಯುತ್ತಿದ್ದರೆ ಹಲಗೆ ಕಿರಿದಾಗಿದೆ.

ಇವೆಲ್ಲ ಹೊಂದಿಸಿದ ಮೇಲೂ ಅದೇ ಜಾಗದಲ್ಲಿ ನೋವು ಮರಳಿದರೆ ಆ ಸ್ಯಾಡಲ್ ನಿಮ್ಮ ಮೈಗೆ ಒಗ್ಗದು. ಗೆಳೆಯನಿಗೆ ಹಿತವಾದದ್ದು ನಿಮಗೂ ಹಿತವಾಗಬೇಕೆಂದಿಲ್ಲ, ಏಕೆಂದರೆ ಸೊಂಟದ ಅಗಲ, ತೊಡೆಯ ಉದ್ದ ಒಬ್ಬೊಬ್ಬರದು ಒಂದೊಂದು ಬಗೆ. ಹಿಂತಿರುಗಿಸಲು ಅವಕಾಶವಿರುವಲ್ಲೇ ಕೊಳ್ಳಿ ಎನ್ನುವುದು ಇದಕ್ಕೇ.

ಹಗ್ಗ ಸಡಿಲಾಗದಿರಲಿ

ಸ್ಯಾಡಲ್ ಇರುವುದು ಮೈಯನ್ನು ಒಂದೆಡೆ ನಿಲ್ಲಿಸಿ ಹಿಡಿಯಲಿಕ್ಕೆ, ಮೇಲಿಂದ ಬಿದ್ದವರನ್ನು ಹಿಡಿಯಲಿಕ್ಕಲ್ಲ. ಟೆದರ್ ಹಗ್ಗ ಹೆಚ್ಚು ಹಿಗ್ಗುವುದಿಲ್ಲ. ಅದು ಬಿಗಿಯಾಗಿರುವವರೆಗೆ ಕಾಲು ಜಾರಿದರೂ ದೇಹ ಇದ್ದಲ್ಲೇ ತೂಗುತ್ತದೆ. ಅರ್ಧ ಮೀಟರ್ ಸಡಿಲ ಬಿಟ್ಟಿದ್ದರೆ ಬಿದ್ದ ರಭಸವೆಲ್ಲ ಮೈತೂಕದ ಹಲವು ಪಟ್ಟಾಗಿ ಸೊಂಟಕ್ಕೂ ಬೆನ್ನುಮೂಳೆಗೂ ಬಡಿಯುತ್ತದೆ. ಆದ್ದರಿಂದ ಟೆದರ್ ಕಟ್ಟಿದ ಮಟ್ಟಕ್ಕಿಂತ ಮೇಲೆ ಹತ್ತಬಾರದು. ಹಲಗೆಯ ಮೇಲೆ ನಿಂತು ಟೆದರ್ ಕಟ್ಟಿ, ಅದಕ್ಕೆ ಭಾರ ಕೊಟ್ಟು ನೋಡಿದ ಮೇಲೆಯೇ ಲೈನ್‌ಮನ್ ಹಗ್ಗವನ್ನು ಬಿಚ್ಚಬೇಕು. ನೆಲ ಬಿಟ್ಟ ಗಳಿಗೆಯಿಂದ ನೆಲ ಮುಟ್ಟುವವರೆಗೆ ಎರಡರಲ್ಲಿ ಒಂದಾದರೂ ಮೈಗೆ ಕಟ್ಟಿರಲೇಬೇಕು.

ಕಾಲಿಗೆ ಆಸರೆಯಿಲ್ಲದೆ ಅಲುಗಾಡದೆ ಜೋತಾಡುವುದೂ ಅಪಾಯ. ತೊಡೆಯ ರಕ್ತನಾಳಗಳು ಪಟ್ಟಿಯಡಿ ಒತ್ತಿಹೋಗಿ, ಕಾಲಿನಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪಬಹುದು. ಇದು ಅರ್ಧ ಗಂಟೆಗೂ ಮೊದಲೇ ಪ್ರಾಣಾಂತಿಕವಾಗಬಹುದೆಂದು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಷಾ ಎಚ್ಚರಿಸಿದೆ. ಹಲಗೆ ಕಳಚಿಕೊಂಡರೆ ಪಾದವಿಟ್ಟು ಎದ್ದು ನಿಲ್ಲಲು ಒಂದು ಹಗ್ಗದ ಕುಣಿಕೆ ಸದಾ ಕೈಗೆಟುಕುವಲ್ಲಿರಲಿ. ಯಾವ ಮರ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಹೇಳಿ ಹೊರಡಿ.

ಕ್ಯಾರಬೀನರ್ ಮೇಲೆ ಅದರ ಬಲ ಕೆತ್ತಿರುತ್ತದೆ. 22 ಕಿಲೋನ್ಯೂಟನ್ ಎಂದರೆ ಸುಮಾರು 2,200 ಕಿಲೋ ಭಾರ ತಡೆಯುವ ಶಕ್ತಿ. ಅಂಥ ಗುರುತಿಲ್ಲದ, ಬೀಗದ ಕೈ ಸಿಕ್ಕಿಸುವ ಬಗೆಯ ಕೊಂಡಿಗಳನ್ನು ಹತ್ತಿರ ಸೇರಿಸಬೇಡಿ. ಬಿಸಿಲು ನೈಲಾನ್, ಪಾಲಿಯೆಸ್ಟರ್ ದಾರಗಳನ್ನು ಸೊರಗಿಸುತ್ತದೆ, ಇಲಿ ಕಡಿಯುತ್ತದೆ. ಪ್ರತಿ ಹಂಗಾಮಿಗೆ ಮುಂಚೆ ಹೊಲಿಗೆಯನ್ನು ಬೆಳಕಿಗೆ ಹಿಡಿದು, ಹಗ್ಗವನ್ನು ಅಂಗುಲ ಅಂಗುಲ ಬೆರಳಾಡಿಸಿ ನೋಡಿ. ತಯಾರಕರು ಹೇಳಿದ ಅವಧಿ ಮುಗಿದ ಮೇಲೆ, ನೋಡಲು ಹೊಸದರಂತಿದ್ದರೂ ಬದಲಿಸಿ.

ಕೊಳ್ಳುವಾಗಿನ ಸರದಿ

1. ಮೊದಲು ಮೈಯಳತೆ: ಚಳಿಯ ಬಟ್ಟೆಯ ಮೇಲೆ ಸರಿಹೋಗುತ್ತದೆಯೇ?

2. ಆಮೇಲೆ ಬ್ರಿಜ್: ಮರದ ಮೇಲಿದ್ದಾಗಲೇ, ಒಂದೇ ಕೈಯಲ್ಲಿ ಉದ್ದ ಹೊಂದಿಸಿಕೊಳ್ಳಬಹುದೇ?

3. ಆಸನದ ಅಗಲ ಮತ್ತು ಅಂಚು: ಒರಗಿದಾಗಲೂ ಕೂತಾಗಲೂ ಭಾರ ಹರಡುತ್ತದೆಯೇ?

4. ಸದ್ದು: ಬಕಲ್‌ಗಳು ಒಂದಕ್ಕೊಂದು ತಾಗಿ ಟಣ್ ಎನ್ನುತ್ತವೆಯೇ?

5. ಮೆತ್ತೆ, ಚೀಲ, ಬಣ್ಣ, ತೂಕ ಇವೆಲ್ಲ ಕೊನೆಗೆ.

ಜಾಹೀರಾತುಗಳಲ್ಲಿ ಈ ಸರದಿ ಸಾಮಾನ್ಯವಾಗಿ ತಿರುವುಮುರುವಾಗಿರುತ್ತದೆ. ಇನ್ನೂರು ಗ್ರಾಂ ಹಗುರ ಎಂಬ ಮಾತು ಕೇಳಲು ಚೆನ್ನ, ಆದರೆ ಮೂರನೆಯ ಗಂಟೆಯಲ್ಲಿ ಆ ಇನ್ನೂರು ಗ್ರಾಂ ಯಾರ ನೆನಪಿಗೂ ಬರುವುದಿಲ್ಲ. ಕೊಂಡಿ ಬಿಚ್ಚಬೇಕೆಂಬ ಯೋಚನೆಯನ್ನೇ ತರಿಸದೆ ಇಳಿಯುವ ಹೊತ್ತಿನವರೆಗೂ ನಿಮ್ಮನ್ನು ಹಿಡಿದಿಡುವ ಸ್ಯಾಡಲ್ಲೇ ಒಳ್ಳೆಯ ಸ್ಯಾಡಲ್.