ಗಾಜಿನ ಸೂರಿನ ಮೇಲೆ ತೆಂಗಿನಕಾಯಿ ಬಿದ್ದರೆ...

ರಾತ್ರಿ ಹನ್ನೊಂದು ಗಂಟೆ. ಅಡುಗೆಮನೆ ಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಇನ್ನೇನು ದೀಪ ಆರಿಸಬೇಕು ಅನ್ನುವಷ್ಟರಲ್ಲಿ ಹೊರಗಡೆ 'ಢಬ್' ಅಂತ ಸದ್ದಾಯಿತು. ಅದರ ಬೆನ್ನಿಗೇ ಯಾರೋ ಒಂದು ಸೇರು ಕಲ್ಲುಸಕ್ಕರೆಯನ್ನು ಸ್ಟೀಲ್ ತಟ್ಟೆಗೆ ಸುರಿದ ಹಾಗೆ ಇನ್ನೊಂದು ಸದ್ದು. ತೆಂಗಿನಕಾಯಿ ಬಿತ್ತು ಅಂತ ಗೊತ್ತಾಯಿತು. ಎಲ್ಲಿ ಬಿತ್ತು ಅಂತ ಗೊತ್ತಾದಾಗ ಮಾತ್ರ ಕೈಕಾಲು ತಣ್ಣಗಾಯಿತು.

ನಮ್ಮ ಕಾರಾಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ ಕಣ್ರೀ. ಹತ್ತು ವರ್ಷದ ಪುಟ್ಟ ಕಾರು, ನೆತ್ತಿಯ ಮೇಲೆ ತಗಡು ಬಿಟ್ಟರೆ ಬೇರೇನೂ ಇಲ್ಲ. ಅಲ್ಲಿ ನಿಂತಿದ್ದದ್ದು ಅಕ್ಕನ ಗಾಡಿ! ಜರ್ಮನ್ ಕಂಪನಿಯ ದೊಡ್ಡ ಎಸ್‌ಯುವಿ, ಮೇಲ್ಛಾವಣಿಯ ಮುಕ್ಕಾಲು ಪಾಲು ಗಾಜು. ಪ್ಯಾನೊರಾಮಿಕ್ ಸನ್‌ರೂಫ್ ಅಂತಾರಲ್ಲ, ಅದು. ಅಕ್ಕ, ಭಾವ ಮಕ್ಕಳನ್ನು ಕರೆದುಕೊಂಡು ಮೂರು ವಾರ ಅಮೆರಿಕಕ್ಕೆ ಹೋಗುವಾಗ, "ನಿಮ್ಮ ಕಾಂಪೌಂಡಿನಲ್ಲಿದ್ದರೆ ನಮಗೆ ನಿಶ್ಚಿಂತೆ" ಅಂತ ಬೀಗದ ಕೈ ಕೊಟ್ಟು ಹೋಗಿದ್ದರು. ನಿಶ್ಚಿಂತೆ!

ಕಳೆದ ವರ್ಷ ಮೇ ತಿಂಗಳ ಮಾತು ಇದು. ಬೆಂಗಳೂರಿನಲ್ಲಿ ಸಂಜೆಯಾದರೆ ಗಾಳಿ, ಗುಡುಗು. ಟಾರ್ಚ್ ಹಿಡಿದು ನೋಡಿದರೆ ಮುಂದಿನ ಗಾಜು ಪೂರ್ತಿ ಪುಡಿ. ಪುಣ್ಯಕ್ಕೆ ಒಳಗಿನ ಬಟ್ಟೆ ಪರದೆ ಎಳೆದಿತ್ತು, ಬಹುಪಾಲು ಚೂರು ಅದರ ಮೇಲೆ ಜೋಲಿಯಲ್ಲಿ ತುಂಬಿದಂತೆ ನಿಂತಿತ್ತು. ಹಿಂದಿನ ಗಾಜಿಗೆ ಏನೂ ಆಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕನ ಚಿಕ್ಕ ಮಗಳ ಮಕ್ಕಳ ಸೀಟು ಕಟ್ಟಿತ್ತು. ಅದರ ಮೇಲೂ ನಾಲ್ಕಾರು ಹರಳು ಮಿನುಗುತ್ತಿದ್ದವು. ಅದನ್ನು ನೋಡಿ, ಖಾಲಿ ಗಾಡಿ ಅಂತ ಗೊತ್ತಿದ್ದರೂ ಎದೆ ಝಲ್ ಅಂದಿತು.

ಇಲ್ಲಿ ನಮ್ಮವರು ಒಂದು ಕೆಲಸ ಮಾಡಿದರು. ಗಂಡಸರು ಗಾಬರಿಯಾದರೆ ಯಾವುದಾದರೂ ಸ್ವಿಚ್ ಒತ್ತಲೇಬೇಕು ನೋಡಿ. ಗಾಡಿ ಆನ್ ಮಾಡಿ ಸನ್‌ರೂಫ್ ಬಟನ್ ಒತ್ತಿಬಿಟ್ಟರು. ಗಾಜಿಲ್ಲದ ಚೌಕಟ್ಟು ಅರ್ಧ ಇಂಚು ಸರಿದು 'ಕರಕರ' ಅಂದು ನಿಂತಿತು. ನಿಮ್ಮಲ್ಲಿ ಯಾರಿಗಾದರೂ ಹೀಗಾದರೆ ದಯವಿಟ್ಟು ಆ ಬಟನ್ ಮುಟ್ಟಬೇಡಿ, ಪರದೆಯನ್ನೂ ಸರಿಸಬೇಡಿ. ಗಾಜಿನ ಹರಳು ಹಳಿಯೊಳಗೆ ಸಿಕ್ಕಿಕೊಂಡರೆ ಮೋಟರಿನ ಕೇಬಲ್‌ಗೇ ಪೆಟ್ಟು. ಎಂಟು ದಿನ ಆ 'ಕರಕರ' ನನ್ನ ಕನಸಿನಲ್ಲೂ ಕೇಳಿಸಿತು.

ಮೊದಲು ಮಾಡಬೇಕಾದದ್ದು ಫೋಟೋ. ಗಾಡಿ, ಗಾಜು, ಬಿದ್ದ ಕಾಯಿ, ಮೇಲಿನ ಮರ, ನಂಬರ್ ಪ್ಲೇಟ್ ಎಲ್ಲ ಸೇರುವಂತೆ. ಆಮೇಲೆ ಮಳೆ ಬಾರದ ಹಾಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ. ಪೇಂಟ್ ಮೇಲೆ ಅಂಟಿಸಲು ಪೇಂಟಿಂಗ್‌ನವರು ಬಳಸುವ ಮಾಸ್ಕಿಂಗ್ ಟೇಪ್ ಸಾಕು. ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಬಿಸಿಲಿಗೆ ಕಾದರೆ ಗೋಂದು ಬಿಡುತ್ತೆ. ಗಾಡಿಯನ್ನು ಹಾಗೇ ಓಡಿಸಿಕೊಂಡು ಹೋಗೋಣ ಅನ್ನಬೇಡಿ, ವೇಗಕ್ಕೆ ಗಾಳಿ ಉಳಿದ ಚೂರನ್ನೂ ಕಿತ್ತು ಒಳಗೋ ಹಿಂದಿನವರ ಮೇಲೋ ಎರಚುತ್ತೆ. ಮಲಗಿಸಿ ಒಯ್ಯುವ ಲಾರಿ ಕೇಳಿ. ಪಾಲಿಸಿಯಲ್ಲಿ ರೋಡ್ ಸೈಡ್ ಅಸಿಸ್ಟೆನ್ಸ್ ಇದ್ದರೆ ಅದರಲ್ಲೇ ಬರುತ್ತೆ.

"ಬೆಳಿಗ್ಗೆ ಹೇಳಿದರಾಯಿತು ಬಿಡು" ಅಂದರು ಇವರು. ನಾನು ಬಿಡಲಿಲ್ಲ, ಅಲ್ಲಿ ಆಗ ಹಗಲು. ಅಕ್ಕನಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿದೆ, ಬಟನ್ ಒತ್ತಿದ್ದೂ ಸೇರಿಸಿ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮಗ್ಯಾರಿಗೂ ಏನೂ ಆಗಿಲ್ಲ ತಾನೇ?" ಅಂದಳು. ಆ ಸ್ವಲ್ಪ ಹೊತ್ತು ಇದೆಯಲ್ಲ, ಅದನ್ನು ನಾನು ಮರೆಯೋದಿಲ್ಲ. ನಮ್ಮ ಮರ, ಅವರ ಗಾಡಿ. ದುಡ್ಡು ಯಾರು ಕೊಡೋದು ಅನ್ನುವ ಪ್ರಶ್ನೆಯನ್ನು ಇಬ್ಬರೂ ಬಾಯಿಬಿಟ್ಟು ಕೇಳಲಿಲ್ಲ.

ಪಾಲಿಸಿ ಭಾವನ ಹೆಸರಿನಲ್ಲಿದ್ದರಿಂದ ಅಲ್ಲಿಂದಲೇ ವಿಮಾ ಕಂಪನಿಗೆ ತಿಳಿಸಿದರು. ಮೇಲಿಂದ ಏನಾದರೂ ಬಿದ್ದು ಆದ ಹಾನಿ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಬರುತ್ತೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಬರೋದಿಲ್ಲ. ಸರ್ವೇಯರ್ ನೋಡುವ ಮುಂಚೆ ಏನನ್ನೂ ಬಿಚ್ಚಿಸಬಾರದು, ಇದನ್ನು ಮಾತ್ರ ಮರೆಯಬೇಡಿ.

ಅಷ್ಟರಲ್ಲಿ ಅಕ್ಕಪಕ್ಕದವರ ಸಲಹೆ ಶುರು. ಎದುರುಮನೆಯವರು, "ಜೆ.ಸಿ. ರೋಡಿನಲ್ಲಿ ಸಿಗದ ಗಾಜಿಲ್ಲ, ಕಟ್ ಮಾಡಿಸಿ ಕೂರಿಸಿದರಾಯ್ತು" ಅಂದರು. ಕಟ್ ಮಾಡಿಸೋಕೆ ಇದು ಶೋಕೇಸಿನ ಗಾಜಲ್ಲ. ನಮ್ಮಲ್ಲಿ ಒಡೆದದ್ದು ಟೆಂಪರ್ಡ್ ಗಾಜು. ಬೇಕಾದ ಆಕಾರಕ್ಕೆ ಮೊದಲೇ ಕತ್ತರಿಸಿದ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ತಣ್ಣನೆ ಗಾಳಿ ಊದಿ ದಿಢೀರನೆ ಆರಿಸುತ್ತಾರೆ. ಹೊರಮೈ ಬೇಗ ಗಟ್ಟಿಯಾಗುತ್ತೆ, ಒಳಗಿನದು ನಿಧಾನವಾಗಿ ಆರುತ್ತಾ ಕುಗ್ಗಿ ಹೊರಮೈಯನ್ನು ಬಿಗಿಹಿಡಿಯುತ್ತೆ. ಅದಕ್ಕೇ ಅದಕ್ಕೆ ಅಷ್ಟು ಶಕ್ತಿ. ಆದರೆ ಆ ಬಿಗಿ ಒಂದು ಕಡೆ ಸಡಿಲವಾದರೆ ಇಡೀ ಗಾಜು ಒಂದೇ ಗಳಿಗೆಯಲ್ಲಿ ಹರಳು ಹರಳು. ಆದ್ದರಿಂದ ಅದನ್ನು ಆಮೇಲೆ ಕತ್ತರಿಸೋಕೂ ಆಗದು, ತೂತು ಕೊರೆಯೋಕೂ ಆಗದು, ಬಿರುಕಿಗೆ ಅಂಟು ತುಂಬೋಕೂ ಆಗದು. ಬದಲಾಯಿಸಲೇಬೇಕು.

ಕಾರಿನ ಮುಂದಿನ ಗಾಜು ಹೀಗಲ್ಲ. ಅದು ಲ್ಯಾಮಿನೇಟೆಡ್, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ. ಒಡೆದರೂ ಹಾಳೆಗೆ ಅಂಟಿಕೊಂಡೇ ಇರುತ್ತೆ, ಸಣ್ಣ ಚುಕ್ಕೆ ಬಿದ್ದರೆ ರಾಳ ತುಂಬಿ ಸರಿಮಾಡಬಹುದು. ಫ್ರಾನ್ಸಿನ ಎಡ್ವಾರ್ಡ್ ಬೆನೆಡಿಕ್ಟಸ್ ಎಂಬುವರ ಕೈಯಿಂದ 1903ರಲ್ಲಿ ಜಾರಿಬಿದ್ದ ಬಾಟಲಿ ಒಡೆದರೂ ಚೂರಾಗಿ ಚೆಲ್ಲಲಿಲ್ಲವಂತೆ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟ್ ಪೊರೆ ಹಿಡಿದುಕೊಂಡಿತ್ತು. ಅಲ್ಲಿಂದ ಶುರುವಾಯಿತು ಈ ಗಾಜು. ಕೆಲವು ಗಾಡಿಗಳ ಸನ್‌ರೂಫ್ ಕೂಡ ಲ್ಯಾಮಿನೇಟೆಡ್ ಇರುತ್ತೆ. ನಿಮ್ಮದು ಯಾವುದು ಅಂತ ಗಾಜಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಕೆತ್ತಿರುತ್ತಾರೆ, ಇವತ್ತು ಸಂಜೆಯೇ ಹೋಗಿ ನೋಡಿ.

ಏನೂ ಬೀಳದೆ ತಾನಾಗಿಯೇ ಒಡೆಯುವುದೂ ಉಂಟು. ತಯಾರಿಕೆಯಲ್ಲಿ ನಿಕಲ್ ಸಲ್ಫೈಡಿನ ಕಣ ಉಳಿದರೆ, ಇಲ್ಲವೇ ಅಂಚಿಗೆ ಹಿಂದೆಂದೋ ಪೆಟ್ಟಾಗಿದ್ದರೆ ಹಾಗಾಗುತ್ತೆ. ಅಮೆರಿಕದಲ್ಲಿ 2012ರಲ್ಲಿ ಹುಂಡೈ ವೆಲೋಸ್ಟರ್ ಕಾರುಗಳನ್ನು ಇದೇ ಕಾರಣಕ್ಕೆ ವಾಪಸ್ ಕರೆಸಿದ್ದರು. ಕಾರ್ಖಾನೆಯಲ್ಲಿ ಜೋಡಿಸುವಾಗಲೇ ಗಾಜು ದುರ್ಬಲವಾಗಿರಬಹುದು ಅಂತ. ಹಾಗಾಗಿ ನಿಮ್ಮ ಗಾಡಿಯದ್ದು ಕಾರಣವಿಲ್ಲದೆ ಒಡೆದಿದ್ದರೆ, ವಾರಂಟಿ ಇನ್ನೂ ಇದ್ದರೆ ವಿಮೆಗೂ ಮೊದಲು ಕಂಪನಿಯನ್ನು ಕೇಳಿ. ನಮ್ಮದಕ್ಕೆ ಆ ಅವಕಾಶ ಇರಲಿಲ್ಲ, ಕಾಯಿ ಪಕ್ಕದಲ್ಲೇ ಬಿದ್ದಿತ್ತಲ್ಲ!

ಗಾಡಿ ಶೋರೂಮಿಗೆ ಹೋಯಿತು. ಎ.ಸಿ. ಕೋಣೆ, ಕಾಫಿ, ನಗುಮುಖ. ಮಾರನೇ ದಿನ ಎಸ್ಟಿಮೇಟ್ ಬಂತು: 3,86,000 ರೂಪಾಯಿ! ಇಡೀ ಸನ್‌ರೂಫ್ ಅಸೆಂಬ್ಲಿ ಬದಲಾಯಿಸಬೇಕಂತೆ. ಗಾಜು, ಚೌಕಟ್ಟು, ಹಳಿ, ಮೋಟರು ಎಲ್ಲ. "ನೀವೇ ಬಟನ್ ಒತ್ತಿದ್ದೀವಿ ಅಂದಿರಲ್ಲ ಮೇಡಂ, ಮೆಕ್ಯಾನಿಸಂ ಹೋಗಿರುತ್ತೆ" ಅಂದ ಅಡ್ವೈಸರ್. ನಮ್ಮವರ ಮುಖ ಇಷ್ಟಗಲ ಆಯಿತು. ಬಟನ್‌ನಿಂದ ಆದ ಹಾನಿಯನ್ನು ವಿಮೆಯವರು ಒಪ್ಪದಿದ್ದರೆ ಅಷ್ಟೂ ನಮ್ಮ ತಲೆಗೆ. ಸತ್ಯ ಹೇಳಿದ್ದೇ ತಪ್ಪಾಯಿತೇನೋ ಅನ್ನಿಸಿತು.

"ಹೋಗಿರುತ್ತೆ" ಅಂದನೇ ಹೊರತು "ಹೋಗಿದೆ" ಅನ್ನಲಿಲ್ಲ. ಆ ಮಾತು ನನ್ನ ಕಿವಿಗೆ ಚುಚ್ಚಿತು. ಮಿಕ್ಸಿ ರಿಪೇರಿಯವನ ಹತ್ತಿರ ನಾವು ಎಷ್ಟು ಸಲ ಈ ಮಾತು ಕೇಳಿಲ್ಲ! "ಏನು ಹಾಳಾಗಿದೆ, ಬಿಚ್ಚಿ ತೋರಿಸಿ" ಅಂದೆ. ಆತ ನಮ್ಮವರ ಕಡೆ ನೋಡಿದ. ಗಾಡಿ ವಿಷಯ ಹೆಂಗಸರು ಕೇಳಿದರೆ ಉತ್ತರ ಗಂಡಸರಿಗೆ ಹೋಗುತ್ತೆ. ನಾನು ಮತ್ತೆ ಕೇಳಿದೆ.

ಸರ್ವೇಯರ್ ಬಂದಾಗಲೂ ಅಲ್ಲೇ ಇದ್ದೆ. ವಯಸ್ಸಾದವರು, ಮಾತು ಕಡಿಮೆ. ಅವರಿಗೂ ಬಟನ್ ವಿಷಯ ಹೇಳಿದೆ. ಅವರು ಅಂದದ್ದಿಷ್ಟೇ: "ಮೊದಲು ಚೂರೆಲ್ಲ ವ್ಯಾಕ್ಯೂಮ್ ಮಾಡಿಸಿ, ಹಳಿ ನೋಡೋಣ, ಆಮೇಲೆ ಮೋಟರ್ ಓಡಿಸಿ." ಹಾಗೇ ಮಾಡಿದರು. ಹಳಿ ಸೊಟ್ಟಗಾಗಿರಲಿಲ್ಲ, ಕೇಬಲ್ ಎಳೆದುಕೊಂಡಿರಲಿಲ್ಲ. ಮುಂದುಗಡೆ ಗಾಳಿ ತಡೆಯುವ ಬಲೆ ಮಾತ್ರ ಹರಿದಿತ್ತು. ಮೋಟರ್ ಸದ್ದಿಲ್ಲದೆ ಸರಿದಾಗ ನಮ್ಮವರು ಬಿಟ್ಟ ಉಸಿರು ವರ್ಕ್‌ಶಾಪಿನ ಆ ತುದಿಗೂ ಕೇಳಿಸಿರಬೇಕು.

ಎಲ್ಲರಿಗೂ ಹೀಗೇ ಆಗುತ್ತೆ ಅನ್ನಲಾರೆ. ಚೌಕಟ್ಟೇ ಬಾಗಿದ್ದರೆ ಅಸೆಂಬ್ಲಿ ಬದಲಾಯಿಸಲೇಬೇಕು, ಅದಕ್ಕೆ ಒಳಗಿನ ಮೇಲ್ಛಾವಣಿಯ ಬಟ್ಟೆ ಹೊದಿಕೆಯನ್ನೆಲ್ಲ ಇಳಿಸಬೇಕು. ಎರಡು ದಿನದ ಕೆಲಸ. ಆದರೆ ಬಾಗಿದ್ದನ್ನು ಕಣ್ಣಿಗೆ ತೋರಿಸಲಿ. ಸರಿಯುವ ಮುಂದಿನ ಗಾಜು ಸಾಮಾನ್ಯವಾಗಿ ಸ್ಕ್ರೂಗಳ ಮೇಲೆ ಕೂತಿರುತ್ತೆ, ಅದನ್ನಷ್ಟೇ ಬದಲಾಯಿಸಲು ಬರುತ್ತೆ. ಹಿಂದಿನದು ಎಷ್ಟೋ ಗಾಡಿಗಳಲ್ಲಿ ಅಂಟಿನಿಂದ ಕೂರಿಸಿರುತ್ತಾರೆ. ಅಂಟು ಒಣಗುವವರೆಗೆ ಗಾಡಿ ತೊಳೆಯುವ ಹಾಗಿಲ್ಲ, ಓಡಿಸುವ ಹಾಗಿಲ್ಲ.

ಹೊಸ ಎಸ್ಟಿಮೇಟ್ 94,000. ಈಗ ಇನ್ನೊಂದು ಲೆಕ್ಕ. ಕ್ಲೇಮ್ ಮಾಡಬೇಕೋ, ಕೈಯಿಂದಲೇ ಕೊಡಬೇಕೋ? ಒಂದು ಸಲ ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿಯುತ್ತೆ. ಆ ರಿಯಾಯಿತಿ ಏರುವುದು 20, 25, 35, 45, ಕೊನೆಗೆ ಶೇಕಡಾ 50. ಭಾವ ಶೇ. 35ರಲ್ಲಿದ್ದರು, ಮುಂದಿನ ಸಲ 45 ಸಿಗಬೇಕಿತ್ತು. ಅವರ ಗಾಡಿಯ ಓನ್ ಡ್ಯಾಮೇಜ್ ಪ್ರೀಮಿಯಂ ರಿಯಾಯಿತಿಗೆ ಮುಂಚೆ ಸುಮಾರು 70,000. ಅಂದರೆ ಮೊದಲ ವರ್ಷವೇ 31,500 ನಷ್ಟ. ಮತ್ತೆ ಮೆಟ್ಟಿಲು ಹತ್ತುವ ಐದು ವರ್ಷದ ವ್ಯತ್ಯಾಸವನ್ನು, ಪ್ರೀಮಿಯಂ ವರ್ಷ ವರ್ಷ ಇಳಿಯುವುದನ್ನೂ ಹಿಡಿದು, ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಕೂಡಿದೆ. 70,000 ದಾಟಿತು! ವಿಮೆಯಿಂದ ಬರುವುದು ಅದಕ್ಕಿಂತ ಹೆಚ್ಚಿದ್ದರಿಂದ ಕ್ಲೇಮ್ ಮಾಡಿದೆವು. ಬಿಲ್ಲು ಮೂವತ್ತೋ ನಲವತ್ತೋ ಸಾವಿರವಿದ್ದಿದ್ದರೆ ಕೈಯಿಂದ ಕೊಡೋದೇ ಲಾಭ. ಎನ್‌ಸಿಬಿ ಪ್ರೊಟೆಕ್ಷನ್ ಅಂತ ಒಂದು ಆಡ್-ಆನ್ ಇರುತ್ತೆ, ದುಬಾರಿ ಗಾಡಿ ಇರುವವರು ಅದರ ಬೆಲೆಯನ್ನಾದರೂ ಕೇಳಿಡಿ.

ಗಾಜಿಗೆ ಸವಕಳಿ ಅಂತ ಕಳೆಯೋದಿಲ್ಲ. ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ಅರ್ಧ ಕಳೆಯುತ್ತಾರೆ, ಝೀರೊ ಡೆಪ್ರಿಸಿಯೇಶನ್ ಇದ್ದರೆ ಅದೂ ಇಲ್ಲ. 1500 ಸಿಸಿ ಮೀರಿದ ಕಾರಿಗೆ 2,000 ರೂಪಾಯಿ ಕಡ್ಡಾಯವಾಗಿ ನಮ್ಮದು. ಕ್ಲಿಪ್ಪು, ಸೀಲೆಂಟ್ ಇತ್ಯಾದಿಗೆ ಕನ್ಸ್ಯೂಮಬಲ್ಸ್ ಕವರ್ ಬೇಕು, ಭಾವನ ಪಾಲಿಸಿಯಲ್ಲಿ ಇರಲಿಲ್ಲ. ಎಲ್ಲ ಸೇರಿ ಕೈಯಿಂದ ಹೋದದ್ದು 5,400. ವಿಮೆಯವರು ಸತಾಯಿಸಿದರೆ ಮೊದಲು ಅವರ ದೂರು ವಿಭಾಗಕ್ಕೆ ಬರಹದಲ್ಲಿ ಕೊಡಿ, ಆಮೇಲೆ 155255, ಅದಕ್ಕೂ ಬಗ್ಗದಿದ್ದರೆ ವಿಮಾ ಓಂಬುಡ್ಸ್‌ಮನ್. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ, ಶುಲ್ಕವಿಲ್ಲ. ಶೋರೂಮಿನ ಮೇಲಿನ ದೂರಿಗೆ ಗ್ರಾಹಕ ಸಹಾಯವಾಣಿ 1915.

ಗಾಜು ಹೊರದೇಶದಿಂದ ಬರಬೇಕಿತ್ತು. ಗಾಡಿಯ 17 ಅಕ್ಷರದ ಚಾಸಿ ನಂಬರ್ ಕೊಟ್ಟೇ ತರಿಸಬೇಕು, ಒಂದೇ ಮಾಡೆಲ್‌ನಲ್ಲೂ ಗಾಜು ಬೇರೆ ಬೇರೆ ಇರುತ್ತೆ. ಅದು ಬರುವಷ್ಟರಲ್ಲಿ ಅಕ್ಕನೇ ಬಂದಾಗಿತ್ತು! ಗಾಡಿ ತರೋಕೆ ಇಬ್ಬರೂ ಒಟ್ಟಿಗೆ ಹೋದೆವು. ಅಡ್ವೈಸರ್ ಬೀಗದ ಕೈ ಕೊಡಲು ಬಂದ. "ನೀರು ಹಾಕಿ ತೋರಿಸಿ" ಅಂದೆ. ಸನ್‌ರೂಫ್ ನಾಲ್ಕು ಮೂಲೆಯಲ್ಲೂ ಸಣ್ಣ ಕೊಳವೆಗಳಿರುತ್ತವೆ, ಅಂಚಿಗೆ ಬಿದ್ದ ನೀರು ಕಂಬಗಳೊಳಗಿಂದ ಕೆಳಗಿಳಿಯುತ್ತೆ. ಗಾಜಿನ ಹರಳೋ ಎಲೆಯ ಕಸವೋ ಅಲ್ಲಿ ಕಟ್ಟಿದರೆ ಮಳೆಗಾಲದಲ್ಲಿ ನೀರು ಒಳಗೆ. ಮುಂದಿನ ಎಡ ಮೂಲೆಯಲ್ಲಿ ನೀರು ಇಳಿಯಲೇ ಇಲ್ಲ. ಗಾಳಿ ಊದಿದಾಗ ಎರಡು ಹರಳು, ಒಂದು ಮುಷ್ಟಿ ಕಸ ಬಂತು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

ಬಟನ್ ಒತ್ತಿ ಗಾಜು ಪೂರ್ತಿ ತೆರೆದು ಮುಚ್ಚಿಸಿ ನೋಡಿ. ಹೊಸ ಗಾಜು ಕೂರಿಸಿದ ಮೇಲೆ ಮೋಟರಿಗೆ ಮತ್ತೆ ಅಳತೆ ಕಲಿಸಬೇಕು. ಇಲ್ಲದಿದ್ದರೆ ಮಗುವಿನ ಬೆರಳು ಅಡ್ಡ ಬಂದಾಗ ತಾನಾಗಿ ಹಿಂದೆ ಸರಿಯುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡದು. ದಾರಿಯಲ್ಲಿ ಸಿಳ್ಳೆ ಹೊಡೆದಂತೆ ಸದ್ದು ಬಂದರೆ ಗಾಜಿನ ಎತ್ತರ ಸರಿಯಿಲ್ಲ ಅಂತ, ವಾಪಸ್ ಒಯ್ಯಿರಿ. ಮಕ್ಕಳ ಸೀಟಿನ ಬಟ್ಟೆ ಕಳಚಿ ಕೊಡವಿ, ಹೊಲಿಗೆ ಸಂದಿಯನ್ನೆಲ್ಲ ಬೆಳಕಿನಲ್ಲಿ ನೋಡಿ. ವರ್ಕ್‌ಶಾಪಿನವರು ಕ್ಲೀನ್ ಮಾಡಿದ್ದೀವಿ ಅಂದಮೇಲೂ ಅಕ್ಕನ ಮಗಳ ಸೀಟಿನಲ್ಲಿ ನನಗೆ ಮೂರು ಹರಳು ಸಿಕ್ಕವು.

ವಾಪಸ್ ಬರುವಾಗ 5,400 ಇಟ್ಟ ಕವರ್ ಅಕ್ಕನ ಬ್ಯಾಗಿಗೆ ತುರುಕಿದೆ. ಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಎಣಿಸಿ ನೋಡಿ, "ಆ ಕಾಯಿ ಏನು ಮಾಡಿದೆ?" ಅಂದಳು. ಚಟ್ನಿಗೆ ಹಾಕಿದೆ ಅಂದೆ. "ನನಗೆ ಕೊಡದೆ ತಿಂದೆಯಲ್ಲ, ಅದರ ದುಡ್ಡೂ ಸೇರಿಸು" ಅಂತ ನಗುತ್ತಾ ಕವರನ್ನು ನನ್ನ ಮಡಿಲಿಗೇ ಎಸೆದಳು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ.

ಮರದಲ್ಲಿ ಇನ್ನೂ ಎರಡು ಗೊನೆ ಇದೆ. ಕಾಯಿ ಕೀಳುವವನಿಗೆ ಅವತ್ತೇ ಫೋನ್ ಮಾಡಿದೆ. ಶನಿವಾರ ಬರ್ತೀನಿ ಅಂದ. ಯಾವ ಶನಿವಾರ ಅಂತ ಹೇಳಲಿಲ್ಲ.