ಕಾಣೆಯಾದ ಮಕ್ಕಳು ಮತ್ತು ನಮ್ಮ ತೀರ್ಪಿನ ಭಾಷೆ

2025ರ ನವೆಂಬರ್ 11ರಂದು ಸುಪ್ರೀಂ ಕೋರ್ಟು ನಿಠಾರಿ ಪ್ರಕರಣದಲ್ಲಿ ಉಳಿದಿದ್ದ ಕೊನೆಯ ಶಿಕ್ಷೆಯನ್ನೂ ರದ್ದು ಮಾಡಿತು. ಅದರ ಮಾರನೆಯ ದಿನ ನಾನು ತರಗತಿಯಲ್ಲಿ ಬೇರೇನೋ ಪಾಠ ಮಾಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸಾರ್, ಹಂಗಾದ್ರೆ ಆ ಮಕ್ಕಳನ್ನ ಯಾರೂ ಸಾಯಿಸಲಿಲ್ವಾ?" ಅಂದಳು. ಕ್ಲಾಸು ಗಪ್ ಚಿಪ್ ಆಯಿತು. ದಲಿತ ವಿಮರ್ಶೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾನು ಅವಳಿಗೆ ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಈ ಬರಹ ಆ ಉತ್ತರವನ್ನು ತಿದ್ದಿಕೊಳ್ಳುವ ಪ್ರಯತ್ನ.

ಈಗ ಡಿಗ್ರಿ ಓದುತ್ತಿರುವವರು ಆಗಿನ್ನೂ ಕೈಗೂಸುಗಳು, ಕೆಲವರು ಹುಟ್ಟಿಯೇ ಇರಲಿಲ್ಲ. ಅವರಿಗಾಗಿ ಸಂಗತಿಯನ್ನು ಹೇಳುತ್ತೇನೆ. ನಿಠಾರಿ ಅನ್ನೋದು ದೆಹಲಿಗೆ ಅಂಟಿಕೊಂಡ ನೊಯ್ಡಾದ 31ನೇ ಸೆಕ್ಟರಿನ ಬಂಗಲೆಗಳ ಬೆನ್ನಿಗಿರುವ ಹಳ್ಳಿ. ಬಂಗಾಳ, ಬಿಹಾರಗಳಿಂದ ಬಂದು ಮನೆಗೆಲಸ, ಇಸ್ತ್ರಿ, ರಿಕ್ಷಾ, ಕೂಲಿ ಮಾಡಿ ಬದುಕುವವರ ಜಾಗ. 2005ರಿಂದಲೇ ಅಲ್ಲಿ ಒಂದೊಂದೇ ಮಗು ಇಲ್ಲವಾಗತೊಡಗಿತು. ತಂದೆತಾಯಿಗಳು ಠಾಣೆಗೆ ಹೋದರು. ಠಾಣೆಯವರು ಬರೆದುಕೊಳ್ಳಲಿಲ್ಲ, ಹುಡುಗಿಯರ ವಿಷಯದಲ್ಲಂತೂ "ಯಾರ ಜೊತೆಗೋ ಓಡಿಹೋಗಿರಬೇಕು" ಎಂದು ಸಾಗಹಾಕಿದರು. ಕಾಣೆಯಾದ ಒಬ್ಬ ಯುವತಿಯ ತಂದೆ ಕೋರ್ಟಿನ ಮೊರೆ ಹೋದ ಮೇಲಷ್ಟೇ ತನಿಖೆ ಅನ್ನೋದು ಅಲುಗಾಡಿತು. 2006ರ ಡಿಸೆಂಬರ್ 29ರಂದು ಡಿ-5 ನಂಬರಿನ ಬಂಗಲೆಯ ಹಿಂದಿನ ಚರಂಡಿಯಲ್ಲಿ ತಲೆಬುರುಡೆ, ಮೂಳೆಗಳು ಸಿಕ್ಕವು. ಆ ಚರಂಡಿಗೆ ಮೊದಲು ಕೈಹಾಕಿದವರು ತಾವೇ, ಪೊಲೀಸರು ಆಮೇಲೆ ಬಂದರು ಎಂದು ಅಲ್ಲಿನ ನಿವಾಸಿಗಳು ಹೇಳುತ್ತಾ ಬಂದಿದ್ದಾರೆ.

ಇದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟು ನೋಡಬೇಕು. ಅದೇ ನೊಯ್ಡಾದಲ್ಲಿ, ಅದೇ 2006ರ ನವೆಂಬರಿನಲ್ಲಿ, ದೊಡ್ಡ ಸಾಫ್ಟ್‌ವೇರ್ ಕಂಪನಿಯ ಮುಖ್ಯಸ್ಥರೊಬ್ಬರ ಮೂರು ವರ್ಷದ ಮಗುವನ್ನು ಅಪಹರಿಸಲಾಯಿತು. ಪ್ರಭುತ್ವಕ್ಕೆ ಪ್ರಭುತ್ವವೇ ಎದ್ದು ನಿಂತಿತು. ಒಂದು ವಾರದೊಳಗೆ ಮಗು ಮನೆಗೆ ಬಂತು. ಬಂದದ್ದು ಸಂತೋಷ, ಆ ಮಗುವಿನ ಮೇಲಾಗಲಿ ಅದನ್ನು ಹೆತ್ತವರ ಮೇಲಾಗಲಿ ನನ್ನದೇನೂ ತಕರಾರಿಲ್ಲ. ಆದರೆ ಪೊಲೀಸರಿಗೆ ಮಗು ಹುಡುಕಲು ಬರುವುದಿಲ್ಲ ಅನ್ನುವ ಮಾತನ್ನು ಆ ಒಂದು ವಾರ ಸುಳ್ಳು ಮಾಡಿತು.

ಬಂಗಲೆಯ ಮಾಲೀಕ ಮತ್ತು ಅವನ ಮನೆಗೆಲಸದವ ಇಬ್ಬರೂ ಬಂಧಿತರಾದರು. ಆಳಿಗೆ ಒಂದರ ಮೇಲೊಂದರಂತೆ ಹದಿಮೂರು ಪ್ರಕರಣಗಳಲ್ಲಿ ಶಿಕ್ಷೆಯಾಯಿತು. 2014ರ ಸೆಪ್ಟೆಂಬರಿನಲ್ಲಿ ಮೀರತ್ ಜೈಲಿನಲ್ಲಿ ಅವನ ನೇಣಿಗೆ ತಯಾರಿಯೂ ನಡೆದಿತ್ತು, ಸುಪ್ರೀಂ ಕೋರ್ಟು ರಾತ್ರೋರಾತ್ರಿ ತಡೆಯಿತು. 2023ರ ಅಕ್ಟೋಬರ್ 16ರಂದು ಅಲಹಾಬಾದ್ ಹೈಕೋರ್ಟು ಆಳನ್ನು ಹನ್ನೆರಡು ಪ್ರಕರಣಗಳಲ್ಲೂ ಮಾಲೀಕನನ್ನು ಎರಡರಲ್ಲೂ ಬಿಡುಗಡೆ ಮಾಡಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅರವತ್ತು ದಿನ ಪೊಲೀಸರ ವಶದಲ್ಲಿಟ್ಟುಕೊಂಡು, ಸರಿಯಾದ ವಕೀಲನ ನೆರವೂ ಕೊಡದೆ ಪಡೆದ ತಪ್ಪೊಪ್ಪಿಗೆ. ಎಲ್ಲರೂ ಓಡಾಡುವ ಬಯಲು ಚರಂಡಿಯಲ್ಲಿ ಸಿಕ್ಕ ಮೂಳೆಗಳನ್ನು ಆರೋಪಿಯೇ ತೋರಿಸಿದ ಎನ್ನುವ ನೆಟ್ಟಗೆ ದಾಖಲಾಗದ ಹೇಳಿಕೆ. ಇಂಥವು ನಿಲ್ಲಲಿಲ್ಲ. ಮನೆಯ ಬಡ ಆಳನ್ನು ರಾಕ್ಷಸನನ್ನಾಗಿಸಿ ಸಿಕ್ಕಿಸುವ ಸುಲಭದ ದಾರಿಯನ್ನು ತನಿಖೆ ಹಿಡಿಯಿತು, ಅಂಗಾಂಗ ವ್ಯಾಪಾರದಂಥ ಗಂಭೀರ ಸಾಧ್ಯತೆಯನ್ನು ಪರಿಶೀಲಿಸಲೇ ಇಲ್ಲ ಎಂಬರ್ಥದ ಮಾತನ್ನು ಹೈಕೋರ್ಟು ಹೇಳಿತು.

ರಾಕ್ಷಸ. ಈ ಪದದ ಹತ್ತಿರ ನಾನು ನಿಂತುಬಿಟ್ಟೆ. ಪುರಾಣಗಳ ಅಸುರರು ಯಾರು, ಅವರನ್ನು ಕೊಂದ ಕಥನವನ್ನು ಯಾರು ಬರೆದರು, ಯಾಕೆ ಬರೆದರು ಎಂದು ಕೇಳುತ್ತಲೇ ಬೆಳೆದದ್ದು ದಲಿತ ವಿಮರ್ಶೆ. ಇದು ನಮ್ಮ ಮೊದಲ ಪಾಠಗಳಲ್ಲೊಂದು. ಅಂಥ ನಾವೇ ಪತ್ರಿಕೆ, ಟೀವಿಗಳು ಮನೆಗೆಲಸದವನೊಬ್ಬನಿಗೆ ನರಭಕ್ಷಕ, ರಾಕ್ಷಸ ಎಂದು ಹೆಸರಿಟ್ಟಾಗ ಒಂದು ಪ್ರಶ್ನೆಯನ್ನೂ ಕೇಳದೆ ನುಂಗಿಕೊಂಡೆವು. ರಾಕ್ಷಸ ಸಿಕ್ಕಿಬಿಟ್ಟರೆ ಠಾಣೆಯ ರಿಜಿಸ್ಟರು ಯಾಕೆ ಖಾಲಿ ಇತ್ತು ಎಂದು ಕೇಳುವವರು ಯಾರೂ ಉಳಿಯುವುದಿಲ್ಲ. ಆಗ ಕೆಲವು ಪೊಲೀಸರು ಅಮಾನತಾದರು, ಕೆಲವರು ಕೆಲಸ ಕಳೆದುಕೊಂಡರು. ಆದರೆ ಜನರ ನೆನಪಿನಲ್ಲಿ ನಿಂತದ್ದು ಬಂಗಲೆ ಮತ್ತು ಆಳು ಮಾತ್ರ.

ಹಾಗಂತ ತಿರುವುಹಾಕಿ, ಬಡವ ಆದ್ದರಿಂದ ನಿರಪರಾಧಿ ಅಂದುಬಿಟ್ಟರೆ ಅದೂ ಸೋಮಾರಿತನವೇ. ಕೋರ್ಟು ಬಿಟ್ಟದ್ದು ಬಡವನೆಂಬ ಕರುಣೆಯಿಂದಲ್ಲ, ಸಾಕ್ಷ್ಯ ನಿಲ್ಲಲಿಲ್ಲವೆಂದು. ಜೊತೆಗೆ ಇಲ್ಲಿ ಇನ್ನೊಂದು ಇಕ್ಕಟ್ಟಿದೆ. ಬಿಡುಗಡೆಯ ಸುದ್ದಿ ಕೇಳಿ ಎದೆ ಬಡಿದುಕೊಂಡವರೂ ನಮ್ಮವರೇ, ಮಕ್ಕಳನ್ನು ಕಳೆದುಕೊಂಡ ಕೂಲಿಯವರು. ಅವರಿಗೆ ಯಾರಾದರೊಬ್ಬ ಅಪರಾಧಿ ಬೇಕು. ಕ್ರಿಮಿನಲ್ ಕಾನೂನಿನ ಸೂಕ್ಷ್ಮಗಳನ್ನು ಅವರಿಗೆ ಬೋಧಿಸಲು ಹೋಗುವ ವಿಮರ್ಶಕನ ಬಗ್ಗೆ ನನಗೆ ಅನುಮಾನವಿದೆ. ಒಂದು ಕಡೆ ಬಡವರ ಮಕ್ಕಳು, ಇನ್ನೊಂದು ಕಡೆ ಬಡವನಾದ ಆಳು. ನಮ್ಮ ಪಕ್ಷ ಯಾವುದು? ಈ ಪ್ರಶ್ನೆಗೆ ಸಿದ್ಧ ಉತ್ತರ ನನ್ನಲ್ಲಿಲ್ಲ. ಇವರಿಬ್ಬರನ್ನೂ ಎದುರುಬದುರು ನಿಲ್ಲಿಸಿ, ಕಾಗದಪತ್ರ ಹಾಳುಮಾಡಿ, ತಾನು ಮಾತ್ರ ಪಕ್ಕಕ್ಕೆ ಸರಿದುಕೊಂಡ ವ್ಯವಸ್ಥೆಯ ಪಕ್ಷ ಅಲ್ಲ ಎನ್ನುವಷ್ಟು ಮಾತ್ರ ಗೊತ್ತಿದೆ.

ಇನ್ನು ಹೆತ್ತವರ ಮೇಲಿನ ತೀರ್ಪು. "ಮಗೂನ ಬೀದೀಲಿ ಬಿಟ್ಟು ಎಲ್ಲೋಗಿದ್ದಳು ಆ ತಾಯಿ?" ಸುಶಿಕ್ಷಿತರೇ ಕೇಳುವ ಪ್ರಶ್ನೆ ಇದು. ಎಲ್ಲಿಗೆ ಹೋಗಿರುತ್ತಾಳೆ? ಪ್ರಶ್ನೆ ಕೇಳುವವರ ಮನೆಯ ಪಾತ್ರೆ ತಿಕ್ಕಲು ಹೋಗಿರುತ್ತಾಳೆ. ನಮ್ಮವ್ವ ಕಳೆ ಕೀಳಲು ಹೋಗುವಾಗ ನನ್ನನ್ನೂ ತಂಗಿಯನ್ನೂ ಹಟ್ಟಿಯ ಮುದುಕಿಯೊಬ್ಬಳ ಕಣ್ಣಳತೆಗೆ ಬಿಟ್ಟು ಹೋಗುತ್ತಿದ್ದಳು. ಆ ಮುದುಕಿಗೆ ಕಣ್ಣೇ ಸರಿಯಾಗಿ ಕಾಣುತ್ತಿರಲಿಲ್ಲ. ನಮಗೇನೂ ಆಗಲಿಲ್ಲ. ಅದು ಅವ್ವನ ಜವಾಬ್ದಾರಿಯ ಫಲವಲ್ಲ. ಆಗಿದ್ದರೆ ಅವಳ ಬೇಜವಾಬ್ದಾರಿಯೂ ಆಗುತ್ತಿರಲಿಲ್ಲ.

ಕನ್ನಡ ಮೇಷ್ಟ್ರಾದ ನನಗೆ ಒಂದು ಪದ ಕಾಡುತ್ತದೆ. "ಕಾಣೆ" ಅನ್ನೋದಕ್ಕೆ ನಾನು ನೋಡಿಲ್ಲ, ನನಗೆ ಕಾಣಿಸದು ಎಂಬ ಅರ್ಥವೂ ಉಂಟು. ಹಳ್ಳಿಯಲ್ಲಿ "ನಾ ಕಾಣೆ ಕಣಪ್ಪ" ಅಂತಾರಲ್ಲ, ಹಾಗೆ. ಕಾಣೆಯಾದ ಮಗು ಅಂದಾಗ ಕಾಣದೆ ಹೋದವರು ಯಾರು ಎಂಬ ಪ್ರಶ್ನೆ ಆ ಪದದ ಒಳಗೇ ಇದೆ ಎಂದು ನನ್ನ ಓದು. "ಓಡಿಹೋದಳು" ಎಂದು ಬರೆದುಕೊಂಡ ಕೂಡಲೇ ಆ ಪ್ರಶ್ನೆ ಅಳಿಸಿಹೋಗಿ ಹನ್ನೆರಡು ವರ್ಷದ ಹುಡುಗಿಯೇ ಕರ್ತೃವಾಗಿಬಿಡುತ್ತಾಳೆ, ಅಪರಾಧಿಯೂ ಆಗುತ್ತಾಳೆ.

ಕಾನೂನಿನಲ್ಲಿ ಕೊಂಚ ಬದಲಾವಣೆಯಾಗಿದೆ, ಕಾರ್ಯಕರ್ತರು ತಿಳಿದಿರಬೇಕು. ಬಚಪನ್ ಬಚಾವೊ ಆಂದೋಲನದ ಅರ್ಜಿಯ ಮೇಲೆ 2013ರ ಮೇ 10ರಂದು ಸುಪ್ರೀಂ ಕೋರ್ಟು, ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಸಾಗಾಟವೆಂದೇ ಭಾವಿಸಿ ಎಫ್‌ಐಆರ್ ಹಾಕಬೇಕು, ನಾಲ್ಕು ತಿಂಗಳಲ್ಲಿ ಸಿಗದಿದ್ದರೆ ಮಾನವ ಸಾಗಾಟ ತಡೆ ಘಟಕಕ್ಕೆ ಒಪ್ಪಿಸಬೇಕು ಎಂದಿತು. ಅದೇ ವರ್ಷದ ನವೆಂಬರ್ 12ರ ಲಲಿತಾ ಕುಮಾರಿ ತೀರ್ಪು ಸಂಜ್ಞೇಯ ಅಪರಾಧದ ಎಲ್ಲ ದೂರುಗಳಿಗೂ ಎಫ್‌ಐಆರ್ ಕಡ್ಡಾಯವೆಂದಿತು. ಆ ಪ್ರಕರಣದ ಮೂಲವೂ ಅಪಹರಣಕ್ಕೊಳಗಾದ ಹುಡುಗಿಯೊಬ್ಬಳ ತಂದೆ ಠಾಣೆಗೆ ಅಲೆದದ್ದೇ. ಆದರೆ ದೂರು ಬರೆದುಕೊಳ್ಳದ ಪೊಲೀಸನಿಗೆ ಜೈಲು ಎನ್ನುವ ಕಲಮು, ಅಂದರೆ ಹಿಂದಿನ ಐಪಿಸಿ 166ಎ, ಈಗಿನ ನ್ಯಾಯ ಸಂಹಿತೆಯ 199, ಲೈಂಗಿಕ ಅಪರಾಧ, ಆಸಿಡ್ ದಾಳಿ, ಮಾನವ ಸಾಗಾಟದಂಥವನ್ನು ಪಟ್ಟಿ ಮಾಡುತ್ತದೆ; ಬರಿಯ ಅಪಹರಣ ಆ ಪಟ್ಟಿಯಲ್ಲಿಲ್ಲ. ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು ಕರ್ತವ್ಯಲೋಪಕ್ಕೆ ಆರು ತಿಂಗಳಿಂದ ಒಂದು ವರ್ಷದ ಶಿಕ್ಷೆ ವಿಧಿಸುತ್ತದಾದರೂ ಅದು ಆ ಕಾಯ್ದೆಯ ಕೆಳಗಿನ ಕರ್ತವ್ಯಗಳಿಗಷ್ಟೇ, ಅದೂ ಇಲಾಖಾ ವಿಚಾರಣೆಯ ಶಿಫಾರಸಿನ ಮೇಲೆ. ಕೇರಿಯ ಮಗು ಕಾಣೆಯಾದಾಗ ಯಾರು ಒಯ್ದರೆಂದೇ ಗೊತ್ತಿರುವುದಿಲ್ಲ, ಇನ್ನು ಜಾತಿ ದೌರ್ಜನ್ಯವೆಂದು ಸಾಬೀತು ಮಾಡುವುದೆಲ್ಲಿ?

ಸಿಟ್ಟಿಗೆ ಸಾಕ್ಷ್ಯ ಬೇಡವಾದಾಗ ಏನಾಗುತ್ತದೆಂದು 2018ರಲ್ಲಿ ಕಂಡಿದ್ದೇವೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಸುಳ್ಳಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆಂದು ಬಂದವನೊಬ್ಬ, ಬೀದರಿನ ಔರಾದ್ ಸೀಮೆಯಲ್ಲಿ ಹೈದರಾಬಾದಿನ ತರುಣನೊಬ್ಬ ಸತ್ತರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಅಲೆಮಾರಿ ಗೋಸಾವಿಗಳು ಐದು ಮಂದಿಯನ್ನು ಹೊಡೆದು ಕೊಂದರು ಜನ. ಹೊಡೆದವರಿಗೆಲ್ಲ ತಾವು ಮಕ್ಕಳ ಪರ ಎಂಬ ನಂಬಿಕೆಯೇ ಇತ್ತು.

ಹಾಗಾದರೆ ಮಾತಾಡುವುದು ಹೇಗೆ? ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಕಾಠೇವಾಡದ ಅಸ್ಪೃಶ್ಯ ಮೇಷ್ಟ್ರೊಬ್ಬರ ಪ್ರಸಂಗವಿದೆ, 1929ರದ್ದು. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಮುಟ್ಟುವುದಿಲ್ಲ. ಥರ್ಮಾಮೀಟರು ಮುಸಲ್ಮಾನನ ಕೈಗೆ, ಅವನಿಂದ ಗಂಡನ ಕೈಗೆ, ಗಂಡನಿಂದ ಹೆಂಡತಿಗೆ. ಅವಳು ಸಾಯುತ್ತಾಳೆ. ಫೀಜು ಎರಡು ರೂಪಾಯಿ ಎಂಬುದೂ ದಾಖಲಾಗಿದೆ. ಮೇಷ್ಟ್ರು ಸೇಡಿಗೆ ಹೆದರಿದ್ದರಿಂದ ಹೆಸರುಗಳಿಲ್ಲ. ಡಾಕ್ಟರನ್ನು ರಾಕ್ಷಸ ಎನ್ನುವುದಿಲ್ಲ. ಯಾರು ಏನು ಮಾಡಬೇಕಿತ್ತು, ಏನು ಮಾಡಲಿಲ್ಲ ಅಷ್ಟೇ. ಓದಿದವರಿಗೆ ಡಾಕ್ಟರು ತಪ್ಪಿಸಿಕೊಂಡ ಅನ್ನಿಸುವುದೇ ಇಲ್ಲ.

ಆ ಹುಡುಗಿಗೆ ಮುಂದಿನ ವಾರ ಮತ್ತೆ ಉತ್ತರ ಹೇಳಿದೆ. ಸಾಯಿಸಿದ್ದಾರಮ್ಮ, ಕೋರ್ಟು ಹೇಳಿದ್ದು ಇವನೇ ಎಂದು ಸಾಬೀತಾಗಿಲ್ಲ ಎಂದು ಮಾತ್ರ. ಮೊದಲ ದೂರನ್ನು ಬರೆದುಕೊಂಡಿದ್ದರೆ ಗೊತ್ತಾಗುವ ಸಂಭವವಿತ್ತು. ಅವಳು ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರೆ ಬರ್ಕೊಳ್ದೆ ಇದ್ದವ್ರ ಹೆಸರು ಯಾಕೆ ಯಾರ್ಗೂ ಗೊತ್ತಿಲ್ಲ ಸಾರ್?" ಅಂದಳು.

ಡಿಗ್ರಿಯಲ್ಲಿದ್ದಾಗ ನಾನು ನಿಠಾರಿಯ ಮಕ್ಕಳ ಮೇಲೆ ಪದ್ಯ ಬರೆದಿದ್ದೆ. ಬಹುಮಾನವೂ ಬಂದಿತ್ತು. ಮೊನ್ನೆ ಹುಡುಕಿ ತೆಗೆದು ಓದಿದೆ. ಆಳನ್ನು ರಾಕ್ಷಸ ಎಂದು ನಾಲ್ಕು ಕಡೆ ಕರೆದಿದ್ದೇನೆ, ಕೊನೆಗೆ ನೇಣು ಕೇಳಿದ್ದೇನೆ. ಠಾಣೆಯ ಬಗ್ಗೆ ಒಂದು ಸಾಲೂ ಇಲ್ಲ. ಆ ವಾರ್ಷಿಕ ಸಂಚಿಕೆ ಕಾಲೇಜಿನ ಲೈಬ್ರರಿಯಲ್ಲಿ ಇನ್ನೂ ಇದೆ.